ಜ್ವರ ಬಂದ ಮನೆಯ ಹೆಸರು

ಮರ್ಕಂಜದಿಂದ ಒಳಗೆ ಹೋಗುವ ಮಣ್ಣು ರಸ್ತೆ ಮುಂಡುಕಜೆಯ ಶೀಲಾವತಿಯ ಅಂಗಳಕ್ಕೆ ಬಂದು ಮುಗಿಯುತ್ತದೆ. ಅಲ್ಲಿಂದ ಮೇಲೆ ಕಾಲುದಾರಿ. ಆ ಕಾಲುದಾರಿಯ ತುದಿಯಲ್ಲಿ ಇರುವುದು ವೆಂಕಟ್ರಮಣ ಭಟ್ಟರ ಮನೆ ಒಂದೇ.

ಶೀಲಾವತಿ ಆಶಾ ಕಾರ್ಯಕರ್ತೆಯಾಗಿ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಊರಿಗೆ ಆ ಕೆಲಸವೇ ಹೊಸತು. "ಆಶಾ ಅಂದ್ರೆ ಎಂತ, ನರ್ಸಾ?" ಎಂದು ಕೇಳಿದವರಿಗೆ, "ನರ್ಸ್ ಅಲ್ಲ ಮಾರಾಯ್ರೆ, ನರ್ಸಿನ ಹತ್ರ ಕರ್ಕೊಂಡು ಹೋಗುವವಳು" ಎಂದು ನಗುತ್ತಿದ್ದಳು. ಗಂಡ ತೀರ್ಥರಾಮನಿಗೆ ಈ ಕೆಲಸದ ಮೇಲೆ ದೊಡ್ಡ ಗೌರವವೇನೂ ಇರಲಿಲ್ಲ. ಎರಡು ಹಸು, ಒಂದಿಷ್ಟು ರಬ್ಬರ್, ನಾಲ್ಕನೇ ಕ್ಲಾಸಿಗೆ ಹೋಗುವ ಮಗಳು ಮೋಕ್ಷಿತಾ, ಇಷ್ಟು ನೋಡಿಕೊಂಡರೆ ಸಾಲದೇ ಎಂದು ಅವನ ವಾದ.

ಅದು ಎರಡು ಸಾವಿರದ ಒಂಬತ್ತರ ಆಗಸ್ಟ್. ಹಂದಿಜ್ವರ ಪುಣೆಯಲ್ಲಿ ಜನರನ್ನು ಕೊಲ್ಲತೊಡಗಿತ್ತು. ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರನ್ನು ನಿಲ್ಲಿಸಿ ನೋಡುವುದನ್ನು ಟಿ.ವಿ. ದಿನವಿಡೀ ತೋರಿಸುತ್ತಿತ್ತು. ಸುಳ್ಯದ ಮೆಡಿಕಲ್ ಶಾಪುಗಳಲ್ಲಿ ಮಾಸ್ಕ್ ಮುಗಿದುಹೋಗಿತ್ತು. ಈ ಜ್ವರದ ಮಾತ್ರೆ ಅಂಗಡಿಯಲ್ಲಿ ಸಿಗುವಂಥದ್ದಲ್ಲ, ಸರಕಾರಿ ಆಸ್ಪತ್ರೆಯಲ್ಲಿ ಮಾತ್ರ ಕೊಡುತ್ತಿದ್ದರು. ಆರೋಗ್ಯ ಕೇಂದ್ರದಲ್ಲಿ ಆಶಾಗಳನ್ನೆಲ್ಲ ಸೇರಿಸಿ ಲೇಡಿ ಡಾಕ್ಟರು ಹೇಳಿದ್ದು ಶೀಲಾವತಿಯ ಮನಸ್ಸಿನಲ್ಲಿ ಅಚ್ಚೊತ್ತಿದಂತೆ ಕೂತಿತ್ತು.

"ಎಲ್ಲ ಜ್ವರವೂ ಹಂದಿಜ್ವರ ಅಲ್ಲ. ಹೆದರಿಸಬೇಡಿ. ಆದರೆ ಬಸುರಿಗೆ ಜ್ವರ, ಕೆಮ್ಮು ಬಂದರೆ ಒಂದು ದಿನವೂ ಕಾಯಬೇಡಿ. ಪರೀಕ್ಷೆಯ ವರದಿ ಬರುವ ಮೊದಲೇ ಮಾತ್ರೆ ಶುರು ಮಾಡಿ ಅಂತ ದೆಹಲಿಯಿಂದ ಸೂಚನೆ ಬಂದಿದೆ." ಆಮೇಲೆ ದನಿ ತಗ್ಗಿಸಿ, "ಇನ್ನೊಂದು. ಯಾರ ಮನೆಯಲ್ಲಿ ಅಂತ ಹೊರಗೆ ಹೇಳಬಾರದು. ಒಂದು ಹೆಸರು ಹೊರಗೆ ಬಿದ್ದರೆ ಜ್ವರ ಬಂದ ಇನ್ನೂ ಹತ್ತು ಜನ ಅಡಗಿ ಕೂರುತ್ತಾರೆ" ಎಂದಿದ್ದರು.

ಚೌತಿಗೆ ಮುಂಚಿನ ವಾರ ಶೀಲಾವತಿ ಮನೆ ಮನೆ ಸುತ್ತುತ್ತಾ ಭಟ್ಟರ ಮನೆಗೆ ಹತ್ತಿದಳು. ಭಟ್ಟರ ಸೊಸೆ ಸಮನ್ವಿತಾ ಏಳು ತಿಂಗಳ ಬಸುರಿ. ತವರಿನವರು ಪುತ್ತೂರಿನಲ್ಲಿ ಬಯಕೆಯ ಊಟ ಇಟ್ಟುಕೊಂಡಿದ್ದರು, ಹೋಗಿ ಬಂದಿರಬೇಕು ಎಂದುಕೊಂಡೇ ಹೋದಳು.

ಅಂಗಳಕ್ಕೆ ಕಾಲಿಡುತ್ತಲೇ ಅತ್ತೆ ವಾಸಂತಿ ಅಮ್ಮ ಹೊರಗೆ ಬಂದು ಬಾಗಿಲಿಗೆ ಅಡ್ಡವಾಗಿ ನಿಂತರು.

"ಸೊಸೆ ಇಲ್ಲ ಶೀಲಾ. ಪುತ್ತೂರಲ್ಲೇ ನಿಂತಿದ್ದಾಳೆ."

"ಆರಾಮ ಉಂಟಲ್ಲ?"

"ಆರಾಮಕ್ಕೆ ಎಂತ ಆಗ್ಬೇಕು?"

ಅಷ್ಟರಲ್ಲಿ ಒಳಗಿನಿಂದ ಕೆಮ್ಮು ಕೇಳಿಸಿತು. ನಿಂತು, ಮತ್ತೆ ಹಿಡಿದು, ಎದೆಯನ್ನು ಕಿತ್ತುಕೊಂಡು ಬರುವಂಥ ಕೆಮ್ಮು.

"ಅದು ಯಾರಮ್ಮ?"

"ನಮ್ಮವರು. ಅವರಿಗೆ ದಮ್ಮು ಯಾವಾಗ್ಲೂ ಇದ್ದದ್ದೇ ಅಲ್ವಾ."

ಮಾತು ಮುಗಿಯುವಷ್ಟರಲ್ಲಿ ವೆಂಕಟ್ರಮಣ ಭಟ್ಟರು ದನದ ಹಟ್ಟಿಯ ಕಡೆಯಿಂದ ಹುಲ್ಲಿನ ಹೊರೆ ಹೊತ್ತುಕೊಂಡು ಬಂದರು. "ಓ, ಶೀಲಾವತಿಯಾ? ಇವತ್ತು ಸ್ವಲ್ಪ ಬಿಸಿಲು ಬಂತಲ್ಲ" ಎಂದು ನಕ್ಕವರು ಹೆಂಡತಿಯ ಮುಖ ನೋಡಿ ನಗುವನ್ನು ಅಲ್ಲೇ ನುಂಗಿಕೊಂಡರು. ಒಳಗಿನ ಕೆಮ್ಮು ಮಾತ್ರ ನಿಲ್ಲಲಿಲ್ಲ.

ಇಲ್ಲಿ ವಾದ ಮಾಡಿದರೆ ಬಾಗಿಲು ಮುಚ್ಚುತ್ತದೆ ಎಂದು ಶೀಲಾವತಿಗೆ ಗೊತ್ತಿತ್ತು. "ಆಯ್ತಮ್ಮ" ಎಂದು ತಿರುಗಿದವಳು ಕಾಲುದಾರಿಗೆ ಇಳಿಯದೆ ಮನೆಯ ಹಿಂಬದಿಗೆ ಹೋದಳು. ಅಲ್ಲಿ ಮಗ ವಿಷ್ಣುಪ್ರಸಾದ್ ದೊಡ್ಡ ಕಡಾಯಿಯೊಂದನ್ನು ತಿಕ್ಕುತ್ತಾ ಕೂತಿದ್ದ. ಮದುವೆ, ಪೂಜೆಗಳಿಗೆ ಅಡುಗೆ ಮಾಡುವುದೇ ಅವನ ಕಸುಬು. ಸುಳ್ಯದಿಂದ ಕಡಬದವರೆಗೆ ಅವನ ಪಾಯಸಕ್ಕೆ ಹೆಸರಿತ್ತು. ಅವಳನ್ನು ಕಂಡದ್ದೇ ಅವನ ಕೈ ನಿಂತಿತು.

"ವಿಷ್ಣಣ್ಣ, ಎಷ್ಟು ದಿನ ಆಯ್ತು ಜ್ವರ?"

ಅವನು ಸುಳ್ಳು ಹೇಳಲು ಬಾಯಿ ತೆರೆದ, ಆದರೆ ಆಗಲಿಲ್ಲ. "ಬಯಕೆಗೆ ಪುಣೆಯಿಂದ ಅವಳ ಸೋದರಮಾವನ ಮನೆಯವರು ಬಂದಿದ್ರು. ನಾವು ಪುತ್ತೂರಿಂದ ಬಂದ ಮಾರನೇ ದಿನದಿಂದ ಶುರು. ಶೀಲಕ್ಕ, ಚೌತಿಗೆ ಅಡುಗೆ ಒಪ್ಪಿಕೊಂಡಿದ್ದೇನೆ. ಹಂದಿಜ್ವರದ ಮನೆಯವ ಮಾಡಿದ್ದನ್ನು ಯಾರು ಉಣ್ತಾರೆ ಹೇಳಿ? ಒಮ್ಮೆ ಹೆಸರು ಹೋದ್ರೆ ಮತ್ತೆ ಯಾರೂ ಕರೆಯುದಿಲ್ಲ."

"ಅದೆಲ್ಲ ಮತ್ತೆ. ಮೊದಲು ನಾನು ಅವಳನ್ನು ನೋಡ್ಬೇಕು."

ಅವನೇ ಹಿಂಬಾಗಿಲಿನಿಂದ ಒಳಗೆ ಕರೆದುಕೊಂಡು ಹೋದ. ಶೀಲಾವತಿ ಚೀಲದಿಂದ ಮಾಸ್ಕ್ ತೆಗೆದು ಕಟ್ಟಿಕೊಂಡಳು. ಕತ್ತಲೆಯ ಕೋಣೆಯಲ್ಲಿ ಸಮನ್ವಿತಾ ಗೋಡೆಗೆ ಒರಗಿ ಕೂತಿದ್ದಳು. ಮಲಗಲು ಆಗುತ್ತಿರಲಿಲ್ಲ ಅವಳಿಗೆ. ಮೂಗಿನ ಹೊಳ್ಳೆಗಳು ಅರಳಿ ಅರಳಿ ಮುಚ್ಚುತ್ತಿದ್ದವು. ಕಿಟಕಿ ತೆರೆದು ನೋಡಿದರೆ ಉಗುರುಗಳಿಗೆ ನೇರಳೆ ಛಾಯೆ.

"ಶೀಲಕ್ಕ... ಮಗು... ಒದೆಯುದು..." ಎಂದಷ್ಟೇ ಅವಳಿಗೆ ಹೇಳಲಾದದ್ದು. ಮುಂದಿನ ಮಾತಿಗೆ ಉಸಿರು ಸಾಲಲಿಲ್ಲ.

ಶೀಲಾವತಿ ಅಲ್ಲೇ ಫೋನ್ ಕೈಗೆತ್ತಿಕೊಂಡಳು. "ಈಗಲೇ ಹೊರಡ್ಬೇಕು, ಆಂಬುಲೆನ್ಸಿಗೆ ಫೋನ್ ಮಾಡ್ತೇನೆ" ಎಂದಳು.

ವಾಸಂತಿ ಅಮ್ಮ ಬಾಗಿಲಲ್ಲಿ ನಿಂತಿದ್ದರು. "ಅದು ಕೂಗಿಕೊಂಡು ಬಂದ್ರೆ ಊರಿಡೀ ಗೊತ್ತಾಗ್ತದೆ. ಬೇಡ. ಕಷಾಯ ಕೊಟ್ಟಿದ್ದೇವೆ, ನಾಳೆಗೆ ಇಳಿದೀತು."

"ಅಮ್ಮ, ನಾಳೆಯವರೆಗೆ ಇವಳು ಇರ್ತಾಳೆ ಅಂತ ನನಗೆ ಧೈರ್ಯ ಇಲ್ಲ."

ಇಷ್ಟು ಬಿರುಸಾಗಿ ಆ ಮನೆಯಲ್ಲಿ ಅವಳು ಯಾವತ್ತೂ ಮಾತಾಡಿದವಳಲ್ಲ. ವಾಸಂತಿ ಅಮ್ಮ ಸೊಸೆಯ ಕಡೆ ನೋಡಿದರು. "ಯಾರಿಗೂ ಹೇಳುದಿಲ್ಲ ಅಂತ ಹೇಳು ಹಾಗಾದ್ರೆ."

"ನನ್ನ ಬಾಯಿಂದ ಹೋಗುದಿಲ್ಲ. ಆದ್ರೆ ಡಾಕ್ಟ್ರು ಹೇಳುವವರೆಗೆ ವಿಷ್ಣಣ್ಣ ಅಡುಗೆಗೆ ಹೋಗ್ಬಾರದು. ಯಾರೂ ಮನೆಯಿಂದ ಕದಲಬಾರದು."

ವಿಷ್ಣುಪ್ರಸಾದ್ ಅಲ್ಲೇ ನಿಂತು ಚೌತಿಯ ಮನೆಗಳಿಗೆಲ್ಲ ಫೋನ್ ಮಾಡಿದ. ಕೈ ಸುಟ್ಟುಕೊಂಡಿದ್ದೇನೆ, ಬೇರೆಯವರನ್ನು ನೋಡಿಕೊಳ್ಳಿ ಎಂದ.

ಆಂಬುಲೆನ್ಸ್ ಬೆಳ್ಳಾರೆಯ ಕಡೆಗೆ ಹೋಗಿದೆ, ತಡವಾಗುತ್ತದೆ ಎಂದರು. ಶೀಲಾವತಿ ಬಾಡಿಗೆ ಓಮ್ನಿ ಓಡಿಸುವ ಮಶೂದ್‌ಗೆ ಹೇಳಿದಳು. ಅವನು ಶೀಲಾವತಿಯ ಅಂಗಳದಲ್ಲಿ ಗಾಡಿ ನಿಲ್ಲಿಸಿ ಕಾಲುದಾರಿ ಹತ್ತಿ ಬಂದ. ವಿಷ್ಣುಪ್ರಸಾದ್ ಮತ್ತು ಅವನು ಸೇರಿ ಸಮನ್ವಿತಾಳನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು. ಮಶೂದ್ ಏನನ್ನೂ ಕೇಳಲಿಲ್ಲ. "ಶೀಲಕ್ಕ, ನಂಗೂ ಒಂದು ಮಾಸ್ಕ್ ಕೊಡಿ" ಎಂದ ಅಷ್ಟೇ.

ದಾರಿಯುದ್ದಕ್ಕೂ ಹೊಂಡ. ಪ್ರತಿ ಹೊಂಡಕ್ಕೂ ಸಮನ್ವಿತಾ ಶೀಲಾವತಿಯ ಮಣಿಕಟ್ಟನ್ನು ಹಿಂಡುತ್ತಿದ್ದಳು. ಅರ್ಧ ದಾರಿ ದಾಟಿದ ಮೇಲೆ ಆ ಹಿಡಿತ ಸಡಿಲವಾಗತೊಡಗಿತು. ಶೀಲಾವತಿಗೆ ಅದೇ ಹೆಚ್ಚು ಭಯ ಹುಟ್ಟಿಸಿತು. "ಸಮನ್ವಿತಾ, ನನ್ನ ಕೈ ಬಿಡ್ಬೇಡ, ಹಿಂಡು, ಜೋರಾಗಿ ಹಿಂಡು" ಎಂದು ಅವಳ ಕೆನ್ನೆ ತಟ್ಟುತ್ತಲೇ ಇದ್ದಳು. ಮುಂದೆ ಕೂತಿದ್ದ ವಿಷ್ಣುಪ್ರಸಾದ್ ತಿರುಗಿ ನೋಡುವ ಧೈರ್ಯ ಮಾಡಲಿಲ್ಲ.

ಸುಳ್ಯದ ಆಸ್ಪತ್ರೆಯಲ್ಲಿ ಯಾರೂ ಏನೂ ತಡ ಮಾಡಲಿಲ್ಲ. ಆಕ್ಸಿಜನ್ ಹಾಕಿದರು, ಮೊದಲ ಮಾತ್ರೆಯನ್ನು ಅಲ್ಲೇ ನುಂಗಿಸಿದರು, ಗಂಟಲಿನ ದ್ರವ ತೆಗೆದು ಪರೀಕ್ಷೆಗೆ ಕಳಿಸಿದರು. ಮಂಗಳೂರಿಗೆ ಹೋಗುವ ಆಂಬುಲೆನ್ಸಿನಲ್ಲಿ ವಿಷ್ಣುಪ್ರಸಾದ್ ಹತ್ತಿದ. ಶೀಲಾವತಿ ಮಶೂದ್‌ನ ಓಮ್ನಿಯಲ್ಲಿ ಊರಿಗೆ ಮರಳಿದಳು. ಅವಳ ಮಣಿಕಟ್ಟಿನ ಮೇಲೆ ಉಗುರಿನ ಗುರುತು ಹಾಗೇ ಇತ್ತು.

ಮಾರನೇ ದಿನ ಆರೋಗ್ಯ ಇಲಾಖೆಯ ಜೀಪು ಬಂತು. ಮಾಸ್ಕ್, ಕೈಗವಸು ಹಾಕಿದ ಮೂವರು ಇಳಿದರು. ರಸ್ತೆ ಮುಗಿಯುವುದೇ ಶೀಲಾವತಿಯ ಅಂಗಳದಲ್ಲಾದ್ದರಿಂದ ಜೀಪು ಅಲ್ಲಿ ನಿಂತಿತು. ಅವರು ಅವಳ ಜಗಲಿಯಲ್ಲಿ ಕೂತು ಮುನ್ನೆಚ್ಚರಿಕೆಗೆಂದು ಅವಳಿಗೆ ಮಾತ್ರೆ ಕೊಟ್ಟರು, ಮನೆಯವರ ಮೈ ಬಿಸಿ ನೋಡಿದರು, ಆಮೇಲೆ ಮೇಲಿನ ಮನೆಗೆ ಹೋದರು. ಶಾಲೆ ಬಿಟ್ಟು ಬರುವ ಮಕ್ಕಳು, ರಬ್ಬರ್ ಹಾಲು ತೆಗೆಯುವವರು, ದಾರಿಹೋಕರು ಎಲ್ಲರೂ ಕಂಡದ್ದು ಅವಳ ಅಂಗಳದ ಜೀಪನ್ನು.

ಸಂಜೆಗೆ ಊರಿಗೆ ಊರೇ ಹೇಳಿತು: ಆಶಾ ಶೀಲಾವತಿಯ ಮನೆಗೆ ಹಂದಿಜ್ವರ ಬಂದಿದೆ.

ಮೋಕ್ಷಿತಾಳ ಪಕ್ಕದಲ್ಲಿ ಯಾರೂ ಕೂರಲಿಲ್ಲ. ಸ್ವಲ್ಪ ದಿನ ಮನೆಯಲ್ಲೇ ಇರಲಿ ಎಂದು ಟೀಚರು ಮೆತ್ತಗೆ ಹೇಳಿ ಕಳಿಸಿದರು. ಕೆಲಸಕ್ಕೆ ಬರುತ್ತಿದ್ದ ಕೂಸಪ್ಪ ಬರಲಿಲ್ಲ. ಹಾಲಿನ ಸೊಸೈಟಿಯಲ್ಲಿ ಹಾಲು ಅಳೆಯುವ ಶ್ಯಾಮ, "ನಿಮ್ಮ ಹಾಲು ಸೇರಿಸಿದ್ರೆ ಉಳಿದವರು ಕೊಡುದಿಲ್ಲ ಅಂತಾರೆ ಶೀಲಕ್ಕ, ನಾನು ಎಂತ ಮಾಡ್ಲಿ?" ಎಂದು ತಲೆ ತಗ್ಗಿಸಿದ. ತಂದ ಹಾಲನ್ನು ಅವಳು ಹಾಗೇ ವಾಪಸ್ ಹೊತ್ತಳು.

ತೀರ್ಥರಾಮ ಉರಿದುಬಿದ್ದ.

"ನಿನಗೆ ಮರ್ಲಾ? ಒಂದು ಮಾತು ಹೇಳಿದ್ರೆ ಮುಗೀತು. ಜ್ವರ ನಮ್ಮಲ್ಲಿ ಅಲ್ಲ, ಮೇಲಿನ ಮನೇಲಿ ಅಂತ."

"ಹೇಳಿದ್ರೆ ಅವರ ಕಸುಬು ಹೋಗ್ತದೆ."

"ನಮ್ಮದು ಹೋಗುದು ಪರವಾಗಿಲ್ವಾ? ನಮ್ಮ ಮಗು ಅಲ್ಲಿ ಮೂಲೆಯಲ್ಲಿ ಕೂತು ಅಳ್ತಾ ಉಂಟು, ಅದು ಕಾಣುದಿಲ್ವಾ?"

ಕಾಣುತ್ತಿತ್ತು. ಆದರೂ, "ಇವತ್ತು ನಾನು ಅವಳ ಹೆಸರು ಹೇಳಿದ್ರೆ, ನಾಳೆ ಇನ್ನೊಬ್ಬಳು ಬಸುರಿಗೆ ಜ್ವರ ಬಂದಾಗ ಅವಳ ಅತ್ತೆ ನನಗೆ ಬಾಗಿಲೇ ತೆರೆಯುದಿಲ್ಲ" ಎಂದಷ್ಟೇ ಹೇಳಿದಳು. ತೀರ್ಥರಾಮ ಚೊಂಬನ್ನು ನೆಲಕ್ಕೆ ಕುಕ್ಕಿ ಹೊರಗೆ ಹೋದ.

ಮಂಗಳೂರಿನಿಂದ ಬರುವ ಸುದ್ದಿ ದಿನಕ್ಕೊಂದು ಬಗೆ. ಪರೀಕ್ಷೆಯಲ್ಲಿ ಹಂದಿಜ್ವರವೇ ಎಂದು ಖಚಿತವಾಯಿತು. ಸಮನ್ವಿತಾಳನ್ನು ಉಸಿರಾಟದ ಯಂತ್ರಕ್ಕೆ ಹಾಕಿದರು. ತಾಯಿ, ಮಗು ಇಬ್ಬರಲ್ಲಿ ಯಾರಿಗೂ ಭರವಸೆ ಕೊಡಲಾರೆವು ಎಂದರಂತೆ. ಅವಳಿಗೇನಾದರೂ ಆದರೆ? ಅಂದು ಮೊದಲು ಅಂಗಳದಿಂದ ತಿರುಗಿದ ಆ ಗಳಿಗೆಯಲ್ಲೂ ಹೊತ್ತು ಹೋಯಿತಲ್ಲ ಎಂದು ಶೀಲಾವತಿ ಒಳಗೊಳಗೇ ಬೆಂದಳು.

ಮೇಲಿನ ಮನೆಯವರಿಗೆ ಇನ್ನು ಹೊರಗೆ ಓಡಾಡಬಹುದು ಎಂದು ಡಾಕ್ಟರು ಹೇಳಿದ ಮೇಲೆ, ಒಂದು ಬೆಳಿಗ್ಗೆ ತೀರ್ಥರಾಮ ಹಾಲಿನ ಕ್ಯಾನನ್ನು ತಾನೇ ಎತ್ತಿಕೊಂಡು ಹೊರಟ. ಅವನ ನಡಿಗೆ ನೋಡಿದರೆ ಹಾಲು ಕೊಡಲು ಹೊರಟವನ ಹಾಗಿರಲಿಲ್ಲ. ಶೀಲಾವತಿ ಹಿಂದೆಯೇ ಓಡಿದಳು.

ಸೊಸೈಟಿಯ ಮುಂದೆ ಜನ ಸಾಲಾಗಿ ನಿಂತಿದ್ದರು. ಅವರ ನಡುವೆ ವಾಸಂತಿ ಅಮ್ಮ ಇದ್ದರು, ಕೈಯಲ್ಲಿ ತಮ್ಮ ಮನೆಯ ಹಾಲು. ತೀರ್ಥರಾಮನನ್ನು ಕಂಡು ಜನ ಎರಡು ಹೆಜ್ಜೆ ಹಿಂದೆ ಸರಿದರು. ಅವರೊಂದಿಗೆ ವಾಸಂತಿ ಅಮ್ಮನೂ ಸರಿದರು.

ಅದನ್ನು ಕಂಡು ಶೀಲಾವತಿಗೆ ಒಂದು ಕ್ಷಣ ಗಂಡ ಹೇಳಿಬಿಡಲಿ ಎಂದೇ ಅನಿಸಿತು.

"ಶ್ಯಾಮ, ಅಳೆ" ಎಂದ ತೀರ್ಥರಾಮ.

"ತೀರ್ಥಣ್ಣ, ಜನ..."

"ಜನರಿಗೆ ನಾನೇ ಹೇಳ್ತೇನೆ. ಜ್ವರ ಬಂದದ್ದು ಯಾರ ಮನೆಗೆ ಅಂತ ಗೊತ್ತುಂಟಾ ನಿಮಗೆ?"

ವಾಸಂತಿ ಅಮ್ಮನ ಕೈಯ ಕ್ಯಾನಿನ ಮುಚ್ಚಳ ಕಟಕಟನೆ ಸದ್ದು ಮಾಡತೊಡಗಿತು. ತೀರ್ಥರಾಮ ಅವರನ್ನೇ ನೋಡಿದ, ಆಮೇಲೆ ಹೆಂಡತಿಯನ್ನು ನೋಡಿದ. ಶೀಲಾವತಿ ಬೇಡ ಎನ್ನಲಿಲ್ಲ, ಹೇಳಿ ಎಂದೂ ಅನ್ನಲಿಲ್ಲ.

"ಯಾರ ಮನೆಗೂ ಬರಬಹುದು" ಎಂದ ಅವನು ಕೊನೆಗೆ. "ನಾಳೆ ನಿಮ್ಮಲ್ಲಿಗೆ ಬಂದ್ರೆ ಇವಳೇ ಬರಬೇಕು ನಿಮಗೆ. ನೆನಪಿರ್ಲಿ." ಕ್ಯಾನ್ ಎತ್ತಿಕೊಂಡು ಬಂದ ದಾರಿಗೇ ತಿರುಗಿದ.

ಅರ್ಧ ದಾರಿಯಲ್ಲಿ ಅವನೇ ಅಂದ: "ಹೇಳ್ಬೇಕು ಅಂತಲೇ ಹೋದದ್ದು ನಾನು. ಆ ಅಮ್ಮನ ಮುಖ ನೋಡಿ ಆಗಲಿಲ್ಲ."

ಸಮನ್ವಿತಾ ಉಳಿದಳು. ಎರಡನೇ ವಾರ ಯಂತ್ರದಿಂದ ಬಿಡಿಸಿದರು. ಮಗುವಿನ ಎದೆಬಡಿತ ಸರಿಯಾಗಿದೆ ಎಂದು ವಿಷ್ಣುಪ್ರಸಾದ್ ಫೋನಿನಲ್ಲಿ ಹೇಳುವಾಗ ಅವನ ಮಾತು ಅಳುವಿನಲ್ಲಿ ಕಲಸಿಹೋಯಿತು.

ಊರಿಗೆ ಬಂದವಳು ಮೊದಲು ಅತ್ತೆಯಿಂದ, ಆಮೇಲೆ ಮಶೂದ್‌ನಿಂದ ನಡೆದದ್ದೆಲ್ಲ ಕೇಳಿ ತಿಳಿದಳು. ಮಾರನೇ ಬೆಳಿಗ್ಗೆ, ಇನ್ನೂ ಸರಿಯಾಗಿ ನಡೆಯಲಾಗದಿದ್ದರೂ, ಗಂಡನ ಕೈ ಹಿಡಿದುಕೊಂಡು ಸೊಸೈಟಿಗೆ ಹೋದಳು. ಅಲ್ಲಿನ ಬೆಂಚಿನ ಮೇಲೆ ಕೂತು ಉಸಿರು ತೆಗೆದುಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದಳು: "ಹಂದಿಜ್ವರ ಬಂದದ್ದು ನನಗೆ. ಶೀಲಕ್ಕನ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅವರು ಕರ್ಕೊಂಡು ಹೋಗದಿದ್ರೆ ನಾನೂ ಇಲ್ಲ, ಇದೂ ಇಲ್ಲ" ಎಂದು ಹೊಟ್ಟೆಯ ಮೇಲೆ ಕೈ ಇಟ್ಟಳು.

ಶೀಲಾವತಿ ಅಲ್ಲಿರಲಿಲ್ಲ. ಶ್ಯಾಮನೇ ಮನೆಗೆ ಬಂದು ಹೇಳಿದ, ಹಾಲನ್ನೂ ತಾನೇ ಹೊತ್ತುಕೊಂಡು ಹೋದ.

ಹೇಳಿದ್ದಕ್ಕೆ ಬೆಲೆ ತೆರಬೇಕಾಗಿ ಬಂತು. ಆ ವರ್ಷದ ಮದುವೆಗಳಿಗೆ ವಿಷ್ಣುಪ್ರಸಾದನನ್ನು ಕರೆದವರು ಕಡಿಮೆ. ಹೆಣ್ಣುಮಗು ಹುಟ್ಟಿದ ಮೇಲೆ ನಾಮಕರಣಕ್ಕೆ ಅವನು ಮಾಡಿದ ಅಡುಗೆಯನ್ನು ಉಣ್ಣಲು ಕೆಲವರು ಬರಲೇ ಇಲ್ಲ. ಬಂದವರಲ್ಲಿ ತೀರ್ಥರಾಮ ಎರಡು ಸಲ ಪಾಯಸ ಹಾಕಿಸಿಕೊಂಡ.

ವಾಸಂತಿ ಅಮ್ಮ ಶೀಲಾವತಿಯ ಕೈ ಹಿಡಿದು ಏನೋ ಹೇಳಹೊರಟರು. "ಇರ್ಲಿ ಅಮ್ಮ" ಎಂದು ಅವಳು ಕೈ ಬಿಡಿಸಿಕೊಂಡು ಮಗುವನ್ನು ನೋಡಲು ಒಳಗೆ ಹೋದಳು. ಆ ಅಮ್ಮನೊಂದಿಗೆ ಮಾತು ಮೊದಲಿನಂತಾಗಲು ಅವಳಿಗೆ ಬಹಳ ಕಾಲ ಬೇಕಾಯಿತು. ಆದರೂ ಮಗುವಿನ ಚುಚ್ಚುಮದ್ದಿನ ದಿನ ಬಂದಾಗಲೆಲ್ಲ ಕಾಲುದಾರಿ ಹತ್ತಿ ಹೋಗಿ ಕರೆದುಕೊಂಡು ಬರುವುದನ್ನು ಅವಳು ಒಮ್ಮೆಯೂ ತಪ್ಪಿಸಲಿಲ್ಲ.