ಕೆಂಪಿಗೆ ಗಿರಾಕಿ ಇಲ್ಲ

ಹಸಿರು ಬಣ್ಣ ಕಂಡರೆ ನನಗೆ ಈಗಲೂ ಆಗುವುದಿಲ್ಲ. ಗದ್ದೆಯ ಹಸಿರಲ್ಲ. ನಾನು ಸಿಂಧನೂರಿನವಳು, ಕಾಲುವೆ ನೀರಿನ ಭತ್ತ ನೋಡಿಕೊಂಡೇ ಬೆಳೆದವಳು, ಆ ಹಸಿರಿನ ಮೇಲೆ ನನಗೇನೂ ಸಿಟ್ಟಿಲ್ಲ. ನಾನು ಹೇಳುತ್ತಿರುವುದು ಮೊಬೈಲಿನ ಪರದೆಯ ಮೇಲೆ ಮೂಡುವ ಹಸಿರು ಚುಕ್ಕೆಯನ್ನು. ಅದರ ಕೆಳಗೆ ‘ಅತ್ಯುತ್ತಮ’ ಎಂದು ಬರೆದಿರುತ್ತದೆ. ಅಂಥ ಚುಕ್ಕೆಗಳನ್ನು ಊರೂರು ತಿರುಗಿ ಹೆಕ್ಕಿ ತರುವುದೇ ಒಂದು ಕಾಲಕ್ಕೆ ನನ್ನ ನೌಕರಿಯಾಗಿತ್ತು. ಥೂ, ಅದೂ ಒಂದು ನೌಕರಿಯೇ!

ಕೆಲಸ ಹೀಗಿತ್ತು. ಜನ ಈಗ ಫೋನಿನಲ್ಲಿ, ಟಿವಿಯಲ್ಲಿ, ಟ್ಯಾಬಿನಲ್ಲಿ ಇಂಟರ್ನೆಟ್ ಮೂಲಕ ವಿಡಿಯೊ ನೋಡುತ್ತಾರಲ್ಲ, ಅದು ಸರಿಯಾಗಿ ಬರುತ್ತದೋ ಇಲ್ಲವೋ ಎಂದು ಅಳೆದು ಕೊಡುವ ಕಂಪನಿಗಳಿವೆ. ಅಂಥದೊಂದು ಕಂಪನಿ ನಮ್ಮ ಕಡೆಯ ಅಳತೆಯನ್ನು ಲಿಂಗಸುಗೂರಿನ ಒಬ್ಬ ಗುತ್ತಿಗೆದಾರನಿಗೆ ವಹಿಸಿತ್ತು. ಆತನನ್ನು ನಾವು ಸಾಹೇಬರೆಂದೇ ಕರೆಯುತ್ತಿದ್ದೆವು. ನನ್ನ ಹೆಗಲಿಗೆ ಆತ ಕೊಟ್ಟ ಒಂದು ಕರಿ ಚೀಲ. ಅದರಲ್ಲಿ ಒಂದು ಅಗ್ಗದ ಫೋನು, ಒಂದು ತುಟ್ಟಿ ಫೋನು, ಒಂದು ಟ್ಯಾಬ್, ಟಿವಿಯ ಹಿಂದೆ ಸಿಕ್ಕಿಸುವ ಬೆರಳುದ್ದದ ಒಂದು ಕಡ್ಡಿ. ಗೊತ್ತು ಮಾಡಿದ ಮನೆಗೆ ಹೋಗಿ, ಅವರ ವೈಫೈಗೆ ಎಲ್ಲವನ್ನೂ ಸೇರಿಸಿ, ಒಂದೇ ವಿಡಿಯೊವನ್ನು ಎಲ್ಲದರಲ್ಲೂ ಒಟ್ಟಿಗೆ ಓಡಿಸಬೇಕು. ಚಿತ್ರ ಎಲ್ಲಿ ನಿಂತಿತು, ಆವಾಜು ಎಲ್ಲಿ ಕಡಿಯಿತು ಎಂಬುದನ್ನು ನನ್ನ ಫೋನಿನಲ್ಲಿದ್ದ ಕಂಪನಿಯ ಆ್ಯಪ್ ತಾನೇ ಅಳೆದು ಹಸಿರು, ಹಳದಿ, ಕೆಂಪು ಎಂದು ಬಣ್ಣ ಹಚ್ಚುತ್ತಿತ್ತು.

ಈ ಬಣ್ಣಗಳನ್ನು ಕೊಳ್ಳುವವರು ಇಬ್ಬರು. ಒಬ್ಬರು ವಿಡಿಯೊ ತೋರಿಸುವವರು, ಇನ್ನೊಬ್ಬರು ಇಂಟರ್ನೆಟ್ ಕೊಡುವವರು. ಚಿತ್ರ ಕೆಟ್ಟರೆ ತಪ್ಪು ಅವರದು ಎಂದು ಇವರು, ಇವರದು ಎಂದು ಅವರು. ಇಬ್ಬರಿಗೂ ಬೇಕಾದದ್ದು ತಮ್ಮ ತಲೆಯ ಮೇಲೆ ಏನೂ ಬಾರದಂಥ ರಿಪೋರ್ಟು. ಒಮ್ಮೆ ಮುದಗಲ್ಲಿನಿಂದ ಹಳದಿ ಚುಕ್ಕೆ ತಂದಾಗ ಸಾಹೇಬರು ನನ್ನನ್ನು ಎದುರಿಗೆ ಕೂರಿಸಿಕೊಂಡು ಬಹಳ ಪ್ರೀತಿಯಿಂದ ತಿಳಿಹೇಳಿದ್ದರು.

‘ನೋಡವ್ವಾ, ನಾವು ಮಾರೋದು ರಿಪೋರ್ಟು. ಹಸಿರು ಇದ್ರ ಇಬ್ರೂ ತಗೋತಾರ. ಕೆಂಪು ಇದ್ರ ಯಾರಿಗೆ ಬೇಕು? ಕೆಂಪಿಗೆ ಗಿರಾಕಿ ಇಲ್ಲ.’

ನಮ್ಮಪ್ಪ ಇಡೀ ಜನ್ಮ ಅಕ್ಕಿ ಗಿರಣಿಯಲ್ಲಿ ದುಡಿದವನು. ಅಲ್ಲಿ ಭತ್ತ ಕೊಳ್ಳುವ ವ್ಯಾಪಾರಿ ಎಷ್ಟೇ ಖದೀಮನಿರಲಿ, ಚೀಲದ ಹೊಟ್ಟೆಗೆ ಚುಚ್ಚಿ ಕಾಳು ತೆಗೆದು ನೋಡುತ್ತಾನೆ. ನಮ್ಮ ಸಾಹೇಬರು ಚೀಲದ ಬಾಯಿಯನ್ನೂ ಬಿಚ್ಚುತ್ತಿರಲಿಲ್ಲ, ಮೇಲಿನ ಹೊಲಿಗೆ ನೋಡಿ ಮಾಲು ಚಲೋ ಐತಿ ಅನ್ನುವ ಜಾತಿ.

ಇದು ಸಾಲದೆಂಬಂತೆ ನಮ್ಮ ಮಂದಿಯ ಮರ್ಯಾದೆ ಬೇರೆ! ನಮ್ಮ ಕಡೆ ಹೆಗಲಿಗೆ ಚೀಲ ಹಾಕಿಕೊಂಡು ‘ಚೆಕ್ ಮಾಡಾಕ ಬಂದೀನ್ರಿ’ ಎಂದು ಯಾರೇ ಹೋಗಲಿ, ಅದು ಮನೆಯ ಇಜ್ಜತ್ತಿನ ಪ್ರಶ್ನೆ. ಕಸ ಹೊಡೆಯುತ್ತಾರೆ, ಕುರ್ಚಿಯನ್ನು ಟವೆಲ್ಲಿನಿಂದ ಒರೆಸಿ ಕೊಡುತ್ತಾರೆ, ಚಾ ಕಾಯಿಸುತ್ತಾರೆ. ಆಮೇಲೆ ಮನೆಯವರೆಲ್ಲ ತಮ್ಮ ತಮ್ಮ ಫೋನು ಬಂದ್ ಮಾಡಿ, ಪರೀಕ್ಷೆಗೆ ಕೂತ ಮಕ್ಕಳಂತೆ ಸಾಲಾಗಿ ಕೂರುತ್ತಾರೆ. ಬಂದವರ ಮುಂದೆ ತಮ್ಮ ಮನೆಯ ನೆಟ್ಟು ಮುಗ್ಗರಿಸಬಾರದು! ಸಿಂಧನೂರಿನಲ್ಲಿ ಒಬ್ಬ ಅಜ್ಜ ಫ್ರಿಜ್ಜಿನ ವೈರನ್ನೂ ಕಿತ್ತು ಕೈಯಲ್ಲಿ ಹಿಡಿದು ನಿಂತಿದ್ದ. ‘ಇದೂ ಏನಾರ ಎಳೀತೈತೇನೋ, ಯಾಕ ಬೇಕ್ರಿ’ ಅಂದ. ನಕ್ಕೂ ನಕ್ಕೂ ನನಗೆ ಸಾಕಾಗಿತ್ತು. ನಗುವಂಥದ್ದೇನೂ ಇರಲಿಲ್ಲ ಎಂಬುದು ಮಸ್ಕಿಯಲ್ಲಿ ತಿಳಿಯಿತು.

ಮಸ್ಕಿಯ ಒಂದು ಮನೆಯಿಂದ ವಿಡಿಯೊ ಸರಿಯಾಗಿ ಬರುತ್ತಿಲ್ಲವೆಂದು ತಕರಾರು ಬಂದಿತ್ತು. ತಂದೆ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ, ತಾಯಿ ಮನೆಯಲ್ಲೇ. ಮಗಳಿಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ. ಕಿವುಡರ ಶಾಲೆಯಲ್ಲಿ ಓದಿ, ಆಮೇಲೆ ಡಿಗ್ರಿಯನ್ನೂ ಮುಗಿಸಿ, ಗುಮಾಸ್ತರ ಹುದ್ದೆಯ ಪರೀಕ್ಷೆಗೆ ತಯಾರಿ ನಡೆಸಿದ್ದಳು. ಕೈಸನ್ನೆಯಲ್ಲೇ ಪಾಠ ಹೇಳುವ ಒಂದು ಆ್ಯಪಿಗೆ ಸೇರಿದ್ದಳು. ಪಾಠ ಬರುವುದು ಸಂಜೆ, ಊರಿಗೆ ಊರೇ ಫೋನು ಹಿಡಿದು ಕೂರುವ ಹೊತ್ತಿಗೆ. ಆ ಹೊತ್ತು ತಪ್ಪಿದರೆ ಪಾಠವೂ ತಪ್ಪಿತು. ಪಾಠವನ್ನು ಫೋನಿಗೆ ಇಳಿಸಿಕೊಂಡು ಆಮೇಲೆ ನೋಡುವ ಅನುಕೂಲವೂ ಇತ್ತು, ಆದರೆ ಎಲ್ಲರಿಗೂ ಇಲ್ಲ. ಇಳಿಸಿಕೊಂಡವರು ಮಂದಿಗೆ ಹಂಚಿಬಿಟ್ಟರೆ? ಅದಕ್ಕಾಗಿ ಅಳತೆಯಲ್ಲಿ ಕೆಂಪು ಬಂದ ಮನೆಗಳಿಗಷ್ಟೇ ಆ ಅನುಮತಿ. ಅಂದರೆ ಆ ಹುಡುಗಿಗೆ ಬೇಕಾಗಿದ್ದದ್ದು ಒಂದೇ ಒಂದು ಕೆಂಪು ಚುಕ್ಕೆ. ಪರೀಕ್ಷೆ ಹತ್ತಿರ ಬಂದಿತ್ತು.

ನಾನು ಹೋದಾಗ ಸಂಜೆಯ ಪಾಠ ಶುರುವಾಗುವುದರಲ್ಲಿತ್ತು. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಹೊಸ ಬೆಡ್‌ಶೀಟು ಹಾಸಿದ ಮಂಚ. ನಾನು ಚೀಲ ಇಳಿಸುವುದೇ ತಡ, ತಾಯಿ ಬಾಗಿಲಿಗೆ ಓಡಿ ಓಣಿಗೆಲ್ಲ ಕೇಳುವಂತೆ ಕೂಗಿದಳು.

‘ಯಕ್ಕಾ, ಫೋನ್ ಬಂದ್ ಮಾಡ್ರಿ! ಟಿವಿನೂ ಬಂದ್ ಮಾಡ್ರಿ! ಚೆಕ್ಕಿಂಗ್ ಮೇಡಮ್ಮಾರು ಬಂದಾರ!’

ಓಣಿ ಗಪ್ಪಾಯಿತು. ಆ ಮನೆಯ ವೈಫೈಯನ್ನು ಎಡಬಲದ ಮನೆಗಳವರೂ ಹಂಚಿಕೊಂಡಿದ್ದರೆಂದು ಕಾಣುತ್ತದೆ, ಎಲ್ಲರೂ ಪಾಪ ಮರ್ಯಾದೆಯಿಂದ ಕೈಬಿಟ್ಟರು. ನಾನು ಪಾಠ ಹಚ್ಚಿದೆ. ಟಿವಿಯಲ್ಲಿ, ಟ್ಯಾಬಿನಲ್ಲಿ, ಎರಡು ಫೋನಿನಲ್ಲಿ ಒಬ್ಬರೇ ಮೇಷ್ಟ್ರು, ಒಂದೇ ಕೈ. ಕನ್ನಡಿಯಂಥ ಚಿತ್ರ. ಹುಡುಗಿ ಟಿವಿಯ ಮುಂದೆ ಮಂಡಿಯೂರಿ ಕೂತಳು. ಸ್ವಲ್ಪ ಹೊತ್ತಿಗೆ ಅವಳ ಕೈಗಳೂ ಮೇಷ್ಟ್ರ ಜೊತೆ ಆಡತೊಡಗಿದವು. ನಡುನಡುವೆ ತಾಯಿಯ ಕಡೆ ತಿರುಗಿ ಏನೋ ಸನ್ನೆ ಮಾಡಿ ನಗುತ್ತಿದ್ದಳು.

‘ಏನಂತಾಳ್ರಿ?’ ಎಂದು ಕೇಳಿದೆ.

‘ಮೇಷ್ಟ್ರಿಗೆ ಮೀಸಿ ಅದಾವಂತ್ರಿ’ ಎಂದಳು ತಾಯಿ, ತಾನೂ ನಗುತ್ತ. ‘ಇಷ್ಟು ದಿನ ಆಕಿಗೆ ಕಂಡೇ ಇಲ್ಲಂತ.’

ನನ್ನ ಕೈಯಲ್ಲಿದ್ದ ಆ್ಯಪು ಹಸಿರಾಯಿತು. ಎಲ್ಲ ಸಾಧನಗಳಿಗೂ ಹಸಿರು. ‘ಅತ್ಯುತ್ತಮ.’ ನನಗೆ ಮೈಯೆಲ್ಲ ಉರಿಯಿತು.

‘ಅವ್ವಾರ, ಹಿಂಗ ಮಾಡಬ್ಯಾಡ್ರಿ. ದಿನಾ ಹೆಂಗ ಇರತೈತಿ, ಹಂಗ ಇರ್ರಿ. ಎಲ್ಲಾರಿಗೂ ಫೋನ್ ಚಾಲೂ ಮಾಡಾಕ ಹೇಳ್ರಿ.’

ಆಕೆ ಗಲ್ಲಕ್ಕೆ ಕೈ ಹಚ್ಚಿದಳು. ‘ಅಯ್ಯ, ಛೇ ಛೇ! ನೀವು ಅಷ್ಟು ದೂರದಿಂದ ಬಂದೀರಿ. ನಿಮ್ಮ ಮುಂದ ಮಂದಿ ಫೋನ್ ಹಚ್ಕೊಂಡು ಕುಂತ್ರ ನಮಗ ಕಿಮ್ಮತ್ತು ಉಳಿತೈತೇನ್ರಿ?’

ಗುಮಾಸ್ತರು ಮಾತ್ರ ನನ್ನ ಮಾತು ಹಿಡಿದರು. ಅವರೇ ಹೊರಗೆ ಹೋಗಿ ಮನೆಮನೆಗೂ ಹೇಳಿ ಬಂದರು. ತುಸು ಹೊತ್ತಿಗೆ ಓಣಿಯಲ್ಲಿ ಹಾಡು, ಕ್ರಿಕೆಟ್ಟಿನ ಕಾಮೆಂಟರಿ, ಯಾವುದೋ ಧಾರಾವಾಹಿಯ ಅಳು ಎಲ್ಲ ಒಟ್ಟಿಗೆ ಎದ್ದವು. ಅಷ್ಟರಲ್ಲೇ ಟಿವಿಯೊಳಗಿನ ಮೇಷ್ಟ್ರು ಕರಗಲಿಕ್ಕೆ ಹತ್ತಿದರು. ಮೊದಲು ಮೀಸೆ ಹೋಯಿತು. ಆಮೇಲೆ ಕಣ್ಣು ಹೋದವು. ಕೊನೆಗೆ ಬೆರಳುಗಳೆಲ್ಲ ಕೂಡಿಕೊಂಡು ಎರಡು ಮುದ್ದೆಗಳಾದವು. ಆ ಮುದ್ದೆಗಳು ಮೇಲೆ ಕೆಳಗೆ ಆಡುತ್ತಿದ್ದವು. ಆದರೆ ನೋಡಿ, ಚಿತ್ರ ನಿಲ್ಲಲಿಲ್ಲ! ನಿಲ್ಲಬಾರದೆಂದೇ ಪಾಠದ ಆ್ಯಪು ಚಿತ್ರವನ್ನು ಹಾಲಿಗೆ ನೀರು ಬೆರೆಸಿದ ಹಾಗೆ ತೆಳ್ಳಗೆ ಮಾಡಿ ಓಡಿಸುತ್ತದೆ. ನಮ್ಮ ಅಳತೆಗೆ ಬೇಕಾದದ್ದೂ ಓಡುವುದಷ್ಟೇ. ಏನು ಓಡುತ್ತಿದೆ ಎಂದು ಅದು ನೋಡುವುದಿಲ್ಲ.

ಹುಡುಗಿ ಎದ್ದು ಬಂದು ನನ್ನ ಭುಜ ಮುಟ್ಟಿದಳು. ಪರದೆಯ ಕಡೆ ಬೆರಳು ಮಾಡಿ, ತನ್ನ ಫೋನಿನಲ್ಲಿ ಬರೆದು ತೋರಿಸಿದಳು: ‘ಈಗ ಮೇಷ್ಟ್ರು ತೋರಿಸಿದ್ದು ಎಷ್ಟು ಬೆರಳು?’ ನಾನು ಪರದೆಗೆ ಮೂಗು ತಗಲುವಷ್ಟು ಹತ್ತಿರ ಹೋಗಿ ನೋಡಿದೆ. ಗೊತ್ತಾಗಲಿಲ್ಲ. ತಲೆ ಅಲ್ಲಾಡಿಸಿದೆ. ಅವಳೂ ತಲೆ ಅಲ್ಲಾಡಿಸಿದಳು. ಅಷ್ಟರಲ್ಲಿ ನನ್ನ ಕೈಯಲ್ಲಿದ್ದ ಆ್ಯಪು ಮತ್ತೆ ಹಸಿರಾಗಿ ಬೆಳಗಿತು.

ರಿಪೋರ್ಟಿನ ಕೆಳಗೆ ಷರಾ ಬರೆಯಲು ಒಂದು ಚಿಕ್ಕ ಜಾಗ ಇರುತ್ತದೆ. ಅಲ್ಲಿ ಬರೆದೆ: ‘ಬೆರಳು ಕಾಣುವುದಿಲ್ಲ. ಈ ಪಾಠ ಬೆರಳಿನಲ್ಲೇ ಇದೆ. ಇದನ್ನು ಕೆಂಪು ಎಂದು ಹಿಡಿಯಬೇಕು.’ ಹೊರಡುವಾಗ ತಾಯಿ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟು, ‘ನಮ್ಮನಿ ಪಾಸಾತಿಲ್ರೀ?’ ಎಂದು ಮೆಲ್ಲಗೆ ಕೇಳಿದಳು. ಬಸ್ಸಿನ ಹೊತ್ತಾಯಿತೆಂದು ಎದ್ದು ಬಂದೆ.

ಮುಂದಿನ ವಾರ ಲಿಂಗಸುಗೂರಿನ ಆಫೀಸಿಗೆ ಹೋದರೆ ಸಾಹೇಬರ ಮುಖದಲ್ಲಿ ಹಬ್ಬ. ಗೋಡೆಯ ದೊಡ್ಡ ಪರದೆಯ ಮೇಲೆ ನಮ್ಮ ಭಾಗದ ನಕಾಶೆ, ಅದರ ತುಂಬ ಹಸಿರು ಚುಕ್ಕೆ. ಮಸ್ಕಿಯ ಮೇಲೂ ಹಸಿರು. ನನ್ನ ಷರಾ ಎಲ್ಲೂ ಇರಲಿಲ್ಲ.

‘ನಾ ಬರದಿದ್ದು ಎಲ್ಲಿ ಹೋತ್ರಿ?’

‘ತಗದೀನಿ. ನಿಂತಿತೇನು ವಿಡಿಯೊ?’

‘ನಿಲ್ಲಲಿಲ್ರಿ. ಆದರ—’

‘ನಿಲ್ಲಲಿಲ್ಲಲ್ಲ? ಮುಗೀತು. ಆವಾಜ್ ಬರೋಬರಿ ಬಂತೋ ಇಲ್ಲೋ?’

‘ಕೈಸನ್ನಿ ಪಾಠಕ್ಕ ಆವಾಜ್ ಎಲ್ಲಿಂದ ಬರಬೇಕ್ರಿ ಸಾಹೇಬ್ರ?’

ಆತನಿಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ. ಅಳತೆಯ ವೇಳೆ ನಮ್ಮ ಆ್ಯಪು ತೆಗೆದಿಟ್ಟಿದ್ದ ಆ ಪಾಠದ ರೆಕಾರ್ಡಿಂಗನ್ನು ನನ್ನ ಮುಂದೆಯೇ ಹಚ್ಚಿ, ವಾಲ್ಯೂಮು ಪೂರ್ತಿ ಏರಿಸಿದ. ಪಾಠದ ಹಿಂದೆ ಯಾರೋ ಬುದ್ಧಿಗೇಡಿಗಳು ಕೊಳಲಿನ ಸಂಗೀತ ಹಾಕಿದ್ದರು. ಪರದೆಯ ಮೇಲೆ ಆ ಎರಡು ಮುದ್ದೆಗಳು ಆಡುತ್ತಿದ್ದವು, ರೂಮಿನ ತುಂಬ ಕೊಳಲು. ಸಾಹೇಬರು ಕಣ್ಣು ಮುಚ್ಚಿ ತಲೆದೂಗಿದರು. ‘ಆಹಾ, ಎಷ್ಟು ಸಾಫ್ ಕೇಳ್ತೈತಿ ನೋಡು! ಇದಕ್ಕ ಕೆಂಪು ಅಂತಿಯಲ್ಲ, ನಿನಗ ತಲಿಗಿಲಿ ಕೆಟ್ಟೈತೇನು?’

ಕಿವಿ ಕೇಳದ ಹುಡುಗಿಗೆ ಕೊಳಲು ಚೆನ್ನಾಗಿ ಕೇಳುತ್ತಿದೆಯಂತೆ! ನನ್ನ ಬಾಯಿಗೆ ಬಂದದ್ದನ್ನೆಲ್ಲ ಇಲ್ಲಿ ಬರೆಯುವಂತಿಲ್ಲ. ಬರೆಯಬಹುದಾದದ್ದು ಇಷ್ಟು: ‘ಇಂಥಾ ಹೊಲಸು ಕೆಲಸ ನಿಮಗ ಇರಲಿ.’ ಕರಿ ಚೀಲವನ್ನು ಆತನ ಮೇಜಿನ ಮೇಲೆ, ಆತನ ಚಾದ ಕಪ್ಪಿನ ಪಕ್ಕದಲ್ಲಿ ಒಗೆದು ಹೊರಗೆ ಬಂದೆ. ಮೆಟ್ಟಿಲು ಇಳಿಯುವಾಗಲೂ ಕೊಳಲು ಕೇಳುತ್ತಲೇ ಇತ್ತು.

ಸಿಂಧನೂರಿನ ಬಸ್ಸು ಹತ್ತಿದವಳು ನಡುವೆ ಮಸ್ಕಿಯಲ್ಲಿ ಇಳಿದೆ. ಹುಡುಗಿಯ ಮನೆಗೆ ಕಂಪನಿಯ ಮೆಸೇಜು ಹೋಗಿರುತ್ತದೆ, ಅವರಿಗೆ ಬಾಯಿಬಿಟ್ಟು ಹೇಳುವವರಾದರೂ ಒಬ್ಬರು ಬೇಕು ಅನಿಸಿತ್ತು. ಓಣಿಯ ತಿರುವಿನಲ್ಲಿ ನನ್ನನ್ನು ಕಂಡದ್ದೇ ತಡ, ತಾಯಿ ಕೈಯಲ್ಲಿದ್ದ ಕೊಡ ಅಲ್ಲೇ ಇಳಿಸಿ ಕೂಗಿದಳು: ‘ಏ, ಬಂದ್ ಮಾಡ್ರಿ, ಬಂದ್ ಮಾಡ್ರಿ! ಮೇಡಮ್ಮಾರು ಮತ್ತ ಬಂದಾರ!’

‘ಬ್ಯಾಡ್ರಿ ಅವ್ವಾರ, ಚೆಕ್ ಮಾಡಾಕ ಬಂದಿಲ್ಲ’ ಎಂದೆ. ಆಕೆ ನನ್ನ ಖಾಲಿ ಹೆಗಲು ನೋಡಿದಳು. ಒಳಗೆ ಕರೆದು ಕೂರಿಸಿ, ಮಗಳ ಫೋನು ತಂದು ತೋರಿಸಿದಳು. ಬೆಳಿಗ್ಗೆಯೇ ಮೆಸೇಜು ಬಂದಿತ್ತು. ‘ನಿಮ್ಮ ಮನೆಯ ವಿಡಿಯೊ ಗುಣಮಟ್ಟ ಅತ್ಯುತ್ತಮವಾಗಿದೆ. ಪಾಠಗಳನ್ನು ಇಳಿಸಿಕೊಳ್ಳುವ ಅಗತ್ಯ ನಿಮಗಿಲ್ಲ.’ ಪಕ್ಕದಲ್ಲಿ ಒಂದು ಹೂಗುಚ್ಛದ ಚಿತ್ರ ಬೇರೆ.

‘ನಮ್ಮಿಂದ ಏನರ ತಪ್ಪಾತೇನ್ರಿ?’ ಎಂದಳು ತಾಯಿ. ‘ಅವತ್ತು ಓಣಿ ಮಂದಿಗೆ ಮತ್ತ ಚಾಲೂ ಮಾಡಾಕ ಹೇಳಿದ್ವಿ, ಅದಕ್ಕೇನ್ರಿ?’

‘ನಿಮ್ಮ ತಪ್ಪು ಏನೂ ಇಲ್ರಿ. ನಿಮ್ಮನಿ ಪಾಸಾಗೈತಿ. ಅದಕ್ಕ ಕೊಡಾಂಗಿಲ್ಲಂತ.’

‘ಪಾಸಾದವ್ರಿಗೆ ಕೊಡಾಂಗಿಲ್ಲೇನ್ರಿ?’ ಎಂದು ಆಕೆ ಕೇಳಿದಳು. ಆಮೇಲೆ ಮಗಳ ಕಡೆ ತಿರುಗಿ ಹೇಳಲೆಂದು ಕೈ ಎತ್ತಿದಳು, ಯಾವ ಸನ್ನೆ ಮಾಡಬೇಕೋ ತಿಳಿಯದೆ ಕೈ ಇಳಿಸಿಬಿಟ್ಟಳು. ಹುಡುಗಿಯ ಫೋನು ತೆಗೆದುಕೊಂಡು ನಾನೇ ಎಲ್ಲವನ್ನೂ ಬರೆದು ಕೊಟ್ಟೆ. ಕೆಂಪು ಬಂದಿದ್ದರೆ ಸಿಗುತ್ತಿತ್ತು, ಹಸಿರು ಬಂದಿದೆ, ಅಳತೆ ಮಾಡುವವರಿಗೆ ಬೆರಳು ಬೇಕಾಗಿಲ್ಲ ಎಂದು ಬರೆದೆ.

ಅವಳು ಓದಿದಳು. ಅಳಲಿಲ್ಲ. ಹೊರಗೆ ಓಣಿಯ ಕಡೆ ಒಮ್ಮೆ, ಮೂಲೆಯ ಟಿವಿಯ ಕಡೆ ಒಮ್ಮೆ ನೋಡಿ, ಲೆಕ್ಕ ಹಾಕುವವಳಂತೆ ಹುಬ್ಬು ಗಂಟಿಕ್ಕಿದಳು. ಆಮೇಲೆ ಬರೆದು ಫೋನನ್ನು ನನ್ನ ಕೈಗಿಟ್ಟಳು.

‘ಮತ್ತೆ ಚೆಕ್ ಮಾಡಲು ಯಾವಾಗ ಬರುತ್ತೀರಿ ಅಕ್ಕ? ಈ ಸಲ ಬೇರೆ ಓಣಿಯವರನ್ನೂ ಕರೆಯುತ್ತೇವೆ. ಎಲ್ಲರೂ ಫೋನು ಹಚ್ಚಲಿ. ಈ ಸಲ ನಾವು ಚೆನ್ನಾಗಿ ಫೇಲ್ ಆಗುತ್ತೇವೆ.’

ತಾಯಿ ಅದನ್ನು ಓದಿ, ‘ಹೌದ್ರಿ, ನೀವು ಹೇಳಿದ್ಹಂಗ ಮಾಡ್ತೀವಿ, ಇನ್ನೊಂದು ಸಲ ಬರ್ರಿ’ ಎಂದು ನನ್ನ ಕೈ ಹಿಡಿದಳು. ಚೀಲ ಲಿಂಗಸುಗೂರಿನಲ್ಲಿ ಸಾಹೇಬರ ಮೇಜಿನ ಮೇಲಿತ್ತು. ಹಸಿರಾದ ಮನೆಗೆ ಎರಡನೆಯ ಸಲ ಯಾರನ್ನೂ ಕಳಿಸುವ ಪದ್ಧತಿ ಇರಲಿಲ್ಲ.