ಸಾಬೂನಿನ ತಳದ ಗುರುತು

ನಮ್ಮೂರಿನಲ್ಲಿ ಹೆಣ್ಣು ಮದುವೆಗೆ ನಿಂತಳೆಂದರೆ ಮೊದಲು ಅವಳ ಹಲ್ಲು ಕೀಳಿಸುತ್ತಿದ್ದರು. ಹುಳುಕು ಹಲ್ಲಲ್ಲ, ಎಲ್ಲ ಹಲ್ಲು. ಆಮೇಲೆ ತಂದೆ ಹೊಸ ಹಲ್ಲು ಕಟ್ಟಿಸಿ ಕೊಡುತ್ತಿದ್ದ. ಅದೇ ಮದುವೆಯ ಉಡುಗೊರೆ. ಮುಂದೆ ಗಂಡನ ಮನೆಗೆ ಹಲ್ಲಿನ ಖರ್ಚು ಬೀಳಬಾರದು ಎಂದು. ನನ್ನದು ಆದದ್ದು 1924ರ ಮೇ ತಿಂಗಳಲ್ಲಿ, ನನಗೆ ಹತ್ತೊಂಬತ್ತು. ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿ ಇಪ್ಪತ್ತೇಳು ಹಲ್ಲು ತೆಗೆದರು. ಅದರಲ್ಲಿ ಕೆಟ್ಟಿದ್ದದ್ದು ಮೂರು. ಉಳಿದ ಇಪ್ಪತ್ತನಾಲ್ಕು ಏನು ತಪ್ಪು ಮಾಡಿದ್ದವು ಎಂದು ನಾನು ಕೇಳಲಿಲ್ಲ. ಕೇಳಿದವಳು ನನ್ನ ತಮ್ಮನ ಮಗಳು ಒಡಿಲ್. ಅವಳ ವಿಷಯವನ್ನೇ ಬರೆಯುತ್ತಿದ್ದೇನೆ.

ತಮ್ಮ ಅರ್ಮಾನ್ ಮರದ ಕೆತ್ತನೆಯವನು. ನದಿಯ ದಕ್ಷಿಣ ದಂಡೆಯ ನಮ್ಮ ಬೀದಿಯಲ್ಲಿ ಅರ್ಧ ಮನೆಗಳು ಕೆತ್ತನೆಯವರವೇ. ಸಂತರು, ಹಾಯಿ ಹಡಗುಗಳು, ಪೈಪು ಸೇದುವ ಮುದುಕರು. ಬೇಸಿಗೆಯಲ್ಲಿ ಕ್ವಿಬೆಕ್ ನಗರದ ಕಡೆಯಿಂದ ಕಾರಿನಲ್ಲಿ ಬರುವವರು ಕೊಂಡೊಯ್ಯುತ್ತಿದ್ದರು. ನನ್ನ ಗಂಡ ನದಿಯಂಚಿನಲ್ಲಿ ಗೂಟ ನೆಟ್ಟು ಹಾವುಮೀನು ಹಿಡಿಯುವವನು. ಅವನು ತೀರಿಹೋದ ಎರಡು ವರ್ಷಕ್ಕೆ ಅರ್ಮಾನನ ಹೆಂಡತಿಯೂ ಹೋದಳು. ಒಡಿಲ್‌ಗೆ ಆಗ ಒಂಬತ್ತು. ನಾನು ನನ್ನ ಪೆಟ್ಟಿಗೆ, ಗಂಡನ ಮೀನು ಚಾಕು ತೆಗೆದುಕೊಂಡು ತಮ್ಮನ ಮನೆಗೆ ಬಂದು ಒಲೆಯ ಮುಂದೆ ನಿಂತೆ.

ಹುಡುಗಿಯ ಬೆರಳು ಸಪೂರ. ಹನ್ನೆರಡನೇ ವಯಸ್ಸಿಗೇ ಅರ್ಮಾನ್ ಅವಳಿಗೆ ಸಂತರ ಕೈಗಳನ್ನು ಕೆತ್ತಲು ಕೊಡತೊಡಗಿದ. ಸಂತರ ದೇಹ ಸುಲಭ, ನಿಲುವಂಗಿಯಲ್ಲಿ ಮುಚ್ಚಿಹೋಗುತ್ತದೆ. ಕಷ್ಟವೆಲ್ಲ ಕೈಯಲ್ಲಿ. ನಾಲ್ಕು ವರ್ಷ ಅವನ ಸಂತರಿಗೆಲ್ಲ ಅವಳ ಕೈಗಳೇ. ನಮ್ಮ ಕೆತ್ತನೆಯವರಿಗೆ ಒಂದು ಪದ್ಧತಿ ಇದೆ. ಕೆಲಸ ಮುಗಿಸಿ ಚಾಕು ಕೆಳಗಿಡುವ ಮುಂಚೆ ಗೊಂಬೆಯನ್ನು ತಿರುವಿ ತಳದಲ್ಲಿ ತಮ್ಮ ಗುರುತು ಕೊರೆಯುತ್ತಾರೆ. ಅರ್ಮಾನನದು ಎರಡಕ್ಷರ.

ಹದಿನಾರು ತುಂಬಿದ ವರ್ಷ ಒಡಿಲ್ ಕೇಳಿದಳು. "ಅಪ್ಪಾ, ಈ ಕೈ ನಂದು. ನಿನ್ನ ಗುರುತಿನ ಪಕ್ಕ ನಂದೂ ಒಂದು ಹಾಕ್ಲಾ?"

"ಹೆಣ್ಣಿನ ಗುರುತಿರೋ ಸಂತನ್ನ ಯಾರು ತಗೋತಾರೆ? ಕೈ ಕೆತ್ತು ಅಂದ್ರೆ ಕೈ ಕೆತ್ತು, ಅಷ್ಟೆ."

ಅವತ್ತಿನಿಂದ ಅವಳು ಅವನ ಸಂತರನ್ನು ಮುಟ್ಟಲಿಲ್ಲ. ತನ್ನ ಸ್ವಂತಕ್ಕೆ ಏನು ಮಾಡಿದರೂ, ಸೌಟಾಗಲಿ, ಬೆಣ್ಣೆಯ ಅಚ್ಚಾಗಲಿ, ನನ್ನ ಬಟ್ಟೆ ಒಣಗಿಸುವ ಕ್ಲಿಪ್ಪಾಗಲಿ, ಅದರ ತಳದಲ್ಲಿ ಚಾಕುವಿನ ಮೊನೆ ಊರಿ ಒಂದೇ ಸುತ್ತಿಗೆ ಒಂದು ದುಂಡು ಗುರುತು ಹಾಕುತ್ತಿದ್ದಳು. ಅವಳ ಹೆಸರಿನ ಮೊದಲಕ್ಷರ, O. ನಮ್ಮ ಅಡುಗೆಮನೆಯಲ್ಲಿ ದುಂಡು ಗುರುತಿಲ್ಲದ ಸಾಮಾನು ಎಂದರೆ ಬೆಕ್ಕು ಒಂದೇ.

1972ರ ಚಳಿಗಾಲ ಶುರುವಾಗುವ ಹೊತ್ತಿಗೆ ಒಡಿಲ್ ಪಕ್ಕದ ಪಟ್ಟಣದ ಕಾಲೇಜಿನಲ್ಲಿ ಓದುತ್ತಿದ್ದಳು. ಹಿಟ್ಟಿನ ಗಿರಣಿಯವರ ಮಗ ರೆಜಾನ್ ಅವಳನ್ನು ಎರಡು ಸಲ ಕುಣಿತಕ್ಕೆ ಕರೆದೊಯ್ದಿದ್ದ. ಅವನ ತಾಯಿ ಕೊರಿನ್ ಒಂದು ಭಾನುವಾರ ಪೂಜೆ ಮುಗಿಸಿ ನೇರ ನಮ್ಮ ಮನೆಗೆ ಬಂದಳು. ನಾನು ಬಟಾಣಿ ಸಾರು ಬಡಿಸಿದೆ.

"ಅರ್ಮಾನ್, ಹಲ್ಲಿನ ಕೆಲಸ ಈಸ್ಟರ್ ಮುಂಚೇನೇ ಮುಗಿಸ್ಬಿಡಿ" ಎಂದಳು. "ವಸಡು ಆರೋಕೆ ಎರಡು ತಿಂಗಳಾದ್ರೂ ಬೇಕು. ಜೂನ್ ಕೊನೇಲಿ ಮದುವೆ ಇಟ್ಕೊಳ್ಳೋಣ."

ಒಡಿಲ್ ಚಮಚ ಕೆಳಗಿಟ್ಟಳು. "ನನ್ನ ಹಲ್ಲಿಗೆ ಏನಾಗಿದೆ?"

"ಈಗೇನೂ ಆಗಿಲ್ಲ ಕಣಮ್ಮ. ಮುಂದೆ ಕೆಡತ್ತೆ."

"ಮುಂದೆ ಮಂಡಿನೂ ನೋಯತ್ತೆ. ಕಾಲೂ ಈಗ್ಲೇ ತೆಗೆಸ್ಬಿಡ್ಲಾ?"

ಕೊರಿನ್ ನನ್ನ ಕಡೆ ತಿರುಗಿದಳು. "ನೀವಾದ್ರೂ ಹೇಳಿ ಎಡ್ವಿಜ್ ಅಕ್ಕ. ನಮಗೆಲ್ಲ ಆಗ್ಲಿಲ್ವಾ? ನಾವೇನು ಸತ್ತು ಹೋದ್ವಾ?"

ನಾನು ಹೇಳಿದೆ: "ಸಾಯ್ಲಿಲ್ಲ ಕೊರಿನ್. ನಲವತ್ತೆಂಟು ವರ್ಷ ಆಯ್ತು, ಒಂದು ಸೇಬು ಕಚ್ಚಿಲ್ಲ, ಅಷ್ಟೇ."

ಅವಳು ಹೋದ ಮೇಲೆ ಒಡಿಲ್ ಒಂದು ಕಾಗದ ತಂದು ಮೇಜಿನ ಮೇಲಿಟ್ಟಳು. ನಗರದ ದಂತ ಶಾಲೆಗೆ ಸೇರುವ ಪರೀಕ್ಷೆಯದು. ಬೆಳಿಗ್ಗೆ ಬರೆಯುವ ಪರೀಕ್ಷೆ, ಮಧ್ಯಾಹ್ನ ಕೈಕೆಲಸದ ಪರೀಕ್ಷೆ. ಒಂದು ಸಾಬೂನು, ಒಂದು ಚಿತ್ರ, ಅರ್ಧ ಗಂಟೆ. ಚಿತ್ರದಲ್ಲಿರುವುದನ್ನು ಅಳತೆ ತಪ್ಪದೆ ಸಾಬೂನಿನಲ್ಲಿ ಕೆತ್ತಿ ಕೊಡಬೇಕು. ಚಾಕು ನಾವೇ ಒಯ್ಯಬೇಕು.

ಅರ್ಮಾನ್ ನಕ್ಕುಬಿಟ್ಟ. "ಸಂತರನ್ನ ಬಿಟ್ಟು ಸಾಬೂನು ಕೆತ್ತೋಕೆ ಹೊರಟ್ಳು! ಹಲ್ಲು ಕೀಳೋದಕ್ಕೆ ಗಂಡಸಿನ ರಟ್ಟೆ ಬೇಕು ಮಗಳೇ."

"ಕೀಳೋದಕ್ಕೆ ಬೇಕು ಅಪ್ಪ. ನಾನು ಹೋಗ್ತಿರೋದು ಉಳ್ಸೋದಕ್ಕೆ."

ಅವನ ನಗು ನಿಂತಿತು. ಕಿಟಕಿಯ ಕಡೆ ನೋಡುತ್ತ ಹೇಳಿದ: "ಒಂದು ಸಲ ಬರಿ. ಒಂದೇ ಸಲ. ಈಸ್ಟರ್ ಮುಂಚಿನ ಮಂಗಳವಾರಕ್ಕೆ ಹಲ್ಲಿನ ಡಾಕ್ಟರ ಹತ್ರ ಹೊತ್ತು ಗೊತ್ತು ಮಾಡ್ತೀನಿ. ಅಷ್ಟರಲ್ಲಿ ಶಾಲೆಯಿಂದ ಕಾಗದ ಬರ್ಲಿಲ್ಲ ಅಂದ್ರೆ ಗಾಡಿ ಹತ್ತು. ಮತ್ತೆ, ಸಾಬೂನಿಗೆ ನನ್ನ ಚಾಕು ಮುಟ್ಟಿಸ್ಬೇಡ."

ಅವನ ಚಾಕು ಯಾರಿಗೆ ಬೇಕಿತ್ತು? ನನ್ನ ಗಂಡನ ಮೀನು ಚಾಕು ಇತ್ತು. ನಾಲ್ಕು ದಿನ ಸಾಣೆ ಕಲ್ಲಿನ ಮೇಲೆ ಉಜ್ಜಿ ಅಲಗನ್ನು ನನ್ನ ಕಿರುಬೆರಳಿನಷ್ಟು ಅಗಲಕ್ಕೆ ಇಳಿಸಿದೆ. ಸಾಬೂನು ಹೇಗೂ ನನ್ನ ಕೆಲಸವೇ. ಹಂದಿ ಕೊಬ್ಬು ಕಾಯಿಸಿ ಕಾಸ್ಟಿಕ್ ಸೋಡಾ ಹಾಕಿ ಪ್ರತಿ ವರ್ಷ ಎರಡು ಹಂಡೆ ಮಾಡುತ್ತೇನೆ. ಮೂರು ವಾರದ ಸಾಬೂನು ಚಾಕುವಿಗೆ ಅಂಟುತ್ತದೆ, ವರ್ಷದ್ದು ಬಿರಿಯುತ್ತದೆ. ಏಳನೇ ವಾರದ್ದು ಸರಿಯಾಗಿ ಮಾತು ಕೇಳುತ್ತದೆ. ಅದನ್ನೇ ಆರಿಸಿ ಕೊಟ್ಟೆ.

ಮೊದಲ ಹತ್ತು ಸಾಬೂನು ಕೆಟ್ಟವು. ಕೆತ್ತನೆ ಕೆಟ್ಟದ್ದಲ್ಲ, ಅಭ್ಯಾಸ ಕೆಟ್ಟದ್ದು. ನಮ್ಮವರು ಮರವನ್ನು ಉಜ್ಜಿ ನುಣುಪು ಮಾಡುವುದಿಲ್ಲ. ಚಾಕು ಹೋದ ಜಾಡು ಒಂದೊಂದೂ ಕಾಣಬೇಕು. ಉಜ್ಜಿದರೆ ಮಷೀನಿನದ್ದು ಎಂದು ನಗುತ್ತಾರೆ. ಆದರೆ ಪರೀಕ್ಷೆಯ ಕಾಗದ ಕೇಳುತ್ತಿದ್ದದ್ದು ಕನ್ನಡಿಯಂಥ ಮೈ, ಚೂಪು ಅಂಚು. ನಾನು ಕಣ್ಣು ಮುಚ್ಚಿ ಸಾಬೂನಿನ ಮೇಲೆ ಹೆಬ್ಬೆರಳು ಎಳೆದು ಹೇಳುತ್ತಿದ್ದೆ.

"ಇಲ್ಲೊಂದು ಮೆಟ್ಟಿಲು. ಇಲ್ಲೊಂದು. ಇದೇನು ಮಾಳಿಗೆ ಹತ್ತೋ ಏಣಿನಾ?"

"ಅತ್ತೆ, ನೀನೊಬ್ಳು ಪರೀಕ್ಷೆಯವರಿಗಿಂತ ಕಡೆ!"

"ಒಂದೇ ಎಳೆತಕ್ಕೆ ಎಳಿ. ಮೀನಿನ ಚರ್ಮ ಸುಲಿಯೋ ಹಾಗೆ. ನಡುವೆ ಉಸಿರು ಬಿಡ್ಬೇಡ."

ಫೆಬ್ರವರಿಯೊಳಗೆ ನಲವತ್ತೊಂದು ಸಾಬೂನು ಆಯಿತು. ಕೆತ್ತಿದ್ದನ್ನೆಲ್ಲ ಕೈಮುಖ ತೊಳೆಯಲು ಇಟ್ಟೆ. ಅರ್ಮಾನ್ ಮುಂಜಾನೆ ಮೂರು ಮೂಲೆಯ ಸಾಬೂನಿನಲ್ಲಿ ಮುಖ ತೊಳೆಯುತ್ತ ಬೈಯುತ್ತಿದ್ದ: "ಈ ಮನೇಲಿ ದುಂಡಗಿರೋ ಸಾಬೂನೇ ಇಲ್ವಾ? ಕಿವಿ ಕುಯ್ದು ಹೋಯ್ತು!" ಆ ನಲವತ್ತೊಂದರ ತಳದಲ್ಲೂ ದುಂಡು ಗುರುತು ಇತ್ತು. ನಾನು ನೋಡಿದ್ದೆ. ನೋಡಿಯೂ ನನಗೆ ಏನೂ ಹೊಳೆಯಲಿಲ್ಲ. ತಪ್ಪು ನನ್ನದೂ ಹೌದು.

ಪರೀಕ್ಷೆಯ ದಿನ ಬಸ್ಸಿನಲ್ಲಿ ಜೊತೆಗೆ ಹೋದೆ. ಪರೀಕ್ಷೆಯ ಕೋಣೆಯ ಹೊರಗಿನ ಬೆಂಚಿನ ಮೇಲೆ ಜಪಮಾಲೆ ಹಿಡಿದು ಕುಳಿತೆ. ಬಾಗಿಲಿನ ಮೇಲರ್ಧ ಗಾಜು. ಒಳಗೆ ಮೂವತ್ತೆರಡು ಜನ, ಹೆಣ್ಣು ಮೂವರು. ಮಧ್ಯಾಹ್ನ ಎಲ್ಲರ ಮುಂದೆ ಒಂದೊಂದು ಬಿಳಿ ಸಾಬೂನು ಇಟ್ಟರು. ಮೇಲ್ವಿಚಾರಕ ಗಟ್ಟಿಯಾಗಿ ಓದಿದ್ದು ನನಗೂ ಕೇಳಿಸಿತು: ತುಂಡಿನ ಮೇಲೆ ಹೆಸರು, ಅಕ್ಷರ, ಯಾವ ಗುರುತೂ ಇರಕೂಡದು, ಇದ್ದರೆ ಆ ತುಂಡನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಗಲೂ ನನಗೆ ಹೊಳೆಯಲಿಲ್ಲ ನೋಡಿ.

ಒಡಿಲ್ ಪಕ್ಕ ಕುಳಿತಿದ್ದ ಹುಡುಗ ಅವಳ ಚಾಕು ನೋಡಿ ಏನೋ ಅಂದ. ಅವಳೂ ಏನೋ ಅಂದಳು. ಅವನ ಕಿವಿ ಕೆಂಪಾಯಿತು. "ಅಡುಗೆಮನೆ ಆ ಕಡೆ" ಅಂದಿದ್ದನಂತೆ. "ಗೊತ್ತು, ನಿನ್ನ ಸಾಬೂನು ತಗೊಂಡೋಗಿ ಪಾತ್ರೆ ತೊಳಿ" ಅಂದಳಂತೆ ಇವಳು. ಬಸ್ಸಿನಲ್ಲಿ ಹೇಳಿದಳು.

ಚಿತ್ರದಲ್ಲಿದ್ದದ್ದು ಇಷ್ಟು: ನಡುವೆ ಉರುಟು ಕಂಬ, ಒಂದು ತುದಿ ಮೂರು ಮೂಲೆ, ಇನ್ನೊಂದು ತುದಿ ಚೌಕ, ಚೌಕದಲ್ಲೊಂದು ಸಣ್ಣ ತೋಡು. ಒಟ್ಟು ಉದ್ದ ಏಳು ಸೆಂಟಿಮೀಟರ್. ಅವಳು ಮೊದಲು ಪೆನ್ಸಿಲಿನಲ್ಲಿ ಗೆರೆ ಎಳೆದಳು, ಆಮೇಲೆ ಮೂಲೆಗಳು, ಆಮೇಲೆ ಕಂಬ. ಗೋಡೆ ಗಡಿಯಾರದಲ್ಲಿ ಇಪ್ಪತ್ತೈದು ನಿಮಿಷ ಆಗಿತ್ತು. ಅಕ್ಕಪಕ್ಕದವರು ಇನ್ನೂ ಗೀರುತ್ತಿದ್ದರು. ಇವಳದು ಮುಗಿದಿತ್ತು. ಸಾಬೂನನ್ನು ತಿರುವಿದಳು, ಚಾಕುವಿನ ಮೊನೆ ಊರಿದಳು, ಮಣಿಕಟ್ಟು ಒಂದು ಸುತ್ತು ತಿರುಗಿತು.

ಆ ಮಣಿಕಟ್ಟು ತಿರುಗಿದ್ದನ್ನು ನಾನು ಗಾಜಿನಲ್ಲಿ ಕಂಡೆ. ಆಗ ಹೊಳೆಯಿತು. ಜಪಮಾಲೆ ಕೈಯಿಂದ ಜಾರಿ ನೆಲಕ್ಕೆ ಬಿತ್ತು.

ಅವಳು ಅಲ್ಲಾಡದೆ ಕುಳಿತಿದ್ದಳು. ಮೂರು ಮೂಲೆಯ ತುದಿಯಲ್ಲಿ ದುಂಡು ಗುರುತು ನೆಟ್ಟಗೆ ಅವಳ ಮುಖ ನೋಡುತ್ತಿತ್ತಂತೆ. ಬೆರಳಿನಿಂದ ಉಜ್ಜಿದರೆ ಅಂಚು ಹೋಗುತ್ತದೆ, ನೀರು ಮುಟ್ಟುವಂತಿಲ್ಲ. ಉಳಿದ ದಾರಿ ಒಂದೇ. ಇಡೀ ತುದಿಯನ್ನು ಒಂದು ಪದರ ಎತ್ತಬೇಕು. ಎತ್ತಿದರೆ ಉದ್ದದಲ್ಲಿ ಒಂದು ಮಿಲಿಮೀಟರ್ ಕಡಿಮೆ. ಕೈ ಸ್ವಲ್ಪ ವಾಲಿದರೆ ಮೂರು ಮೂಲೆಯೂ ಹೋಯಿತು. ಎರಡನೇ ಎಳೆತಕ್ಕೆ ಜಾಗವಿಲ್ಲ.

ಅವಳ ಬೆನ್ನು ನೆಟ್ಟಗಾಯಿತು. ಉಸಿರು ಹಿಡಿದಳು. ನಾನೂ ಈ ಕಡೆ ಹಿಡಿದೆ. ಚಾಕು ಒಂದೇ ಎಳೆತಕ್ಕೆ ಬಂತು. ನಾಣ್ಯದಷ್ಟು ತೆಳ್ಳಗಿನ ಚೂರು ಮೇಜಿನ ಮೇಲೆ ಬಿತ್ತು. ಅವಳು ಅದನ್ನು ಜೇಬಿಗೆ ಹಾಕಿಕೊಂಡು ತುಂಡನ್ನು ಒಪ್ಪಿಸುವ ಪೆಟ್ಟಿಗೆಯೊಳಗಿಟ್ಟಳು.

ವಾಪಸು ಬರುವಾಗ ನದಿಯ ಮೇಲೆ ಮಂಜುಗಡ್ಡೆ ನೀರಿನ ಇಳಿತಕ್ಕೆ ಸಿಕ್ಕಿ ಸರಿಯುತ್ತಿತ್ತು. ಒಡಿಲ್ ಜೇಬಿನಿಂದ ಆ ಚೂರು ತೆಗೆದು ನನ್ನ ಅಂಗೈಯಲ್ಲಿಟ್ಟಳು. ದುಂಡು ಗುರುತು ಹಾಗೇ ಇತ್ತು.

"ಅಲ್ಲಿ ಅಳಿಸ್ದೆ ಅತ್ತೆ. ಇನ್ನೆಲ್ಲೂ ಅಳಿಸಲ್ಲ."

ಮಾರ್ಚ್ ಕಳೆಯಿತು, ಕಾಗದ ಬರಲಿಲ್ಲ. ಏಪ್ರಿಲ್ ಬಂತು. ಆ ಮಂಗಳವಾರ ಬೆಳಿಗ್ಗೆ ಅರ್ಮಾನ್ ಒಳ್ಳೆಯ ಕೋಟು ಹಾಕಿ ಗಾಡಿ ಸ್ಟಾರ್ಟ್ ಮಾಡಿದ. ಒಡಿಲ್ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದಳು. ನೆಲಮಾಳಿಗೆಯಲ್ಲಿಟ್ಟಿದ್ದ ಸೇಬಿನಲ್ಲಿ ಎಲ್ಲಕ್ಕಿಂತ ದೊಡ್ಡದು ಅವಳ ಕೈಯಲ್ಲಿತ್ತು.

"ಹತ್ತು" ಎಂದ ಅರ್ಮಾನ್.

ಅವಳು ಕಚ್ಚಿದಳು. ಆ ಶಬ್ದ ಗಾಡಿಯ ಶಬ್ದದ ಮೇಲೂ ಕೇಳಿಸಿತು.

"ಕಾಗದ ಬರ್ಲಿಲ್ಲ. ಮಾತು ಮಾತೇ, ಒಡಿಲ್."

"ಮಾತು ಕೊಟ್ಟಿದ್ದು ನೀನು ಅಪ್ಪ, ಡಾಕ್ಟರಿಗೆ. ನಾನು ಯಾರಿಗೂ ಕೊಟ್ಟಿಲ್ಲ. ಈ ಸಲ ಆಗ್ಲಿಲ್ಲ ಅಂದ್ರೆ ಮುಂದಿನ ಸಲ ಬರೀತೀನಿ. ಹಲ್ಲು ಮಾತ್ರ ಬಾಯಲ್ಲೇ ಇರತ್ತೆ."

"ಅಕ್ಕಾ, ನೀನಾದ್ರೂ ಹೇಳೇ!"

ನಾನು ಬಾಗಿಲಲ್ಲಿ ನಿಂತಿದ್ದೆ. ಅವನಿಗಿಂತ ಹತ್ತು ವರ್ಷ ದೊಡ್ಡವಳು, ಅವನ ಮೂಗು ಒರೆಸಿದವಳು. "ಗಾಡಿ ಆರಿಸೋ" ಎಂದೆ. "ಪೆಟ್ರೋಲ್ ದಂಡ."

ಅವನು ಆರಿಸಲಿಲ್ಲ. ಒಬ್ಬನೇ ಹೋದ. ಡಾಕ್ಟರಿಗೆ ಏನು ಹೇಳಿದನೋ, ಎಂಟು ದಿನ ನಮ್ಮಿಬ್ಬರ ಹತ್ತಿರವೂ ಮಾತು ಬಿಟ್ಟ. ಕೊರಿನ್ ಮದುವೆಯ ಮಾತು ಮುರಿದಳು. ರೆಜಾನ್ ಬಂದು ಬೇಲಿಯ ಹತ್ತಿರ ಸ್ವಲ್ಪ ಹೊತ್ತು ನಿಂತು ಹೋದ.

ಕಾಗದ ಬಂದದ್ದು ಈಸ್ಟರ್ ಕಳೆದು ಹತ್ತನೇ ದಿನ. ಅಂಚೆಯವನ ಕೈಯಿಂದ ತೆಗೆದುಕೊಂಡವಳು ನಾನು. ಒಡಿಲ್ ಕಾಲೇಜಿನಲ್ಲಿದ್ದಳು. ನಾನು ಓದುವುದು ನಿಧಾನ, ಒಂದೊಂದಕ್ಷರ ಬೆರಳಿಟ್ಟು ಓದಿದೆ. ಕೈಕೆಲಸದಲ್ಲಿ ಮೂವತ್ತಕ್ಕೆ ಇಪ್ಪತ್ತಾರು. ಆ ಒಂದು ಮಿಲಿಮೀಟರ್ ಎಷ್ಟು ತಿಂದಿತೋ ಬರೆದಿರಲಿಲ್ಲ. ಸೆಪ್ಟೆಂಬರಿಗೆ ಬಂದು ಸೇರಿಕೊಳ್ಳಿ ಎಂದಿತ್ತು. ಅರ್ಮಾನನ ಕೆಲಸದ ಮೇಜಿನ ಮೇಲೆ, ಅವನ ಚಾಕುಗಳ ನಡುವೆ, ಕಾಗದ ಬಿಚ್ಚಿಟ್ಟು ಬಂದೆ. ಆ ಬೇಸಿಗೆಯಲ್ಲಿ ಒಂದು ದಿನ ಅವನು ಸಂತ ಆನ್ನಾಳ ಅರ್ಧ ಗೊಂಬೆ ತಂದು ಮಗಳ ಮುಂದಿಟ್ಟ.

"ಕೈ ಬರ್ತಿಲ್ಲ ನನಗೆ."

"ಗುರುತು ಹಾಕ್ತೀನಿ."

"ಹಾಕ್ಕೊಳೆ ಮಾರಾಯ್ತಿ. ತಳದಲ್ಲಿ ತಾನೇ, ಯಾರು ನೋಡ್ತಾರೆ?"

ಆ ಆನ್ನಾ ಎಲ್ಲಕ್ಕಿಂತ ಮೊದಲು ಮಾರಾಟವಾದಳು.

ಈಗ ಒಡಿಲ್‌ಳ ದವಾಖಾನೆ ಚರ್ಚಿನ ಎದುರು ಇದೆ. ಗಂಡಸರು ಮೊದಲೆರಡು ವರ್ಷ ಪಟ್ಟಣಕ್ಕೇ ಹೋದರು. ಚಳಿಗಾಲದಲ್ಲಿ ಹಿಮಕ್ಕೆ ರಸ್ತೆ ಮುಚ್ಚಿ ಹಲ್ಲುನೋವು ಬಂದಾಗ ಅವರೂ ಬಂದರು. ನನಗೆ ಹೊಸ ಹಲ್ಲು ಅವಳೇ ಕಟ್ಟಿ ಕೊಟ್ಟಳು. ಹಳೆಯದು ಮಾತಾಡುವಾಗ ಕಟಕಟ ಎನ್ನುತ್ತಿತ್ತು. ಹೊಸದರಲ್ಲಿ ಮೇಲಿನ ಸೆಟ್ಟಿನ ಒಳಮೈಯಲ್ಲಿ, ನಾಲಿಗೆಗೆ ಸಿಗುವ ಕಡೆ, ಒಂದು ಸಣ್ಣ ದುಂಡು ಗುರುತಿದೆ.

ಹೋದ ತಿಂಗಳು ನಾನು ಅಲ್ಲಿ ಹೊರಗಿನ ಕೋಣೆಯಲ್ಲಿ ಉಣ್ಣೆ ಹೆಣೆಯುತ್ತ ಕುಳಿತಿದ್ದೆ. ಮೇಲಿನ ಹಳ್ಳಿಯಿಂದ ಒಬ್ಬ ತಾಯಿ ತನ್ನ ಮಗಳನ್ನು ಕರೆತಂದಿದ್ದಳು. ಹುಡುಗಿಗೆ ಹದಿನೆಂಟು, ಬೆರಳಲ್ಲಿ ನಿಶ್ಚಿತಾರ್ಥದ ಉಂಗುರ. ಈ ಕಾಲದಲ್ಲೂ.

"ಎಲ್ಲಾ ತೆಗೆದ್ಬಿಡಿ ಡಾಕ್ಟ್ರೇ" ಎನ್ನುವುದು ಒಳಗಿನಿಂದ ಕೇಳಿಸಿತು.

"ಎರಡು ಹುಳುಕಿದೆ. ತುಂಬಿಸ್ತೀನಿ. ಉಳಿದಿದ್ದು ಮುಟ್ಟಲ್ಲ."

"ದುಡ್ಡು ಕೊಡೋರು ನಾವು!"

"ಹಲ್ಲು ಅವಳದು." ಬಾಗಿಲು ತೆರೆಯಿತು. "ಅತ್ತೆ, ಒಂದು ನಿಮಿಷ ಒಳಗೆ ಬಾ. ಈ ಹುಡುಗಿಗೆ ತೆಗೆದು ತೋರಿಸು."

ನಾನು ಹೆಣಿಗೆ ಬದಿಗಿಟ್ಟು ಒಳಗೆ ಹೋದೆ. ಹುಡುಗಿಯ ಮುಂದೆ ನಿಂತು ಮೇಲಿನದು, ಕೆಳಗಿನದು ಎರಡನ್ನೂ ತೆಗೆದು ಕೈಯಲ್ಲಿ ಹಿಡಿದು, ಬರೀ ಬಾಯಿ ಅಗಲಿಸಿ ನಕ್ಕೆ. ನನ್ನ ಕೆನ್ನೆ ಒಳಗೆ ಹೋಗುತ್ತದೆ, ಗದ್ದ ಮೂಗಿನ ಹತ್ತಿರ ಬರುತ್ತದೆ; ಕನ್ನಡಿಯಲ್ಲಿ ಕಂಡಿದ್ದೇನೆ. ತಾಯಿ ಬೇರೆ ಕಡೆ ತಿರುಗಿದಳು. ಅವಳದೂ ಕಟ್ಟಿಸಿದ ಹಲ್ಲೇ, ನನಗೆ ಗೊತ್ತಾಗುತ್ತದೆ.

ಹುಡುಗಿ ಬಹಳ ಹೊತ್ತು ನೋಡಿದಳು. ಆಮೇಲೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಒಡಿಲ್ ಕಡೆ ತಿರುಗಿ ಹೇಳಿದಳು:

"ಎರಡೇ ತುಂಬ್ಸಿ."