ರೊಟ್ಟಿಯ ಲೆಕ್ಕದಲ್ಲಿ ಒಂದು ಖಾಲಿ ಜಾಗ

ಕಳೆದ ಸೋಮವಾರ ಉಣಕಲ್ಲಿನ ಒಂದು ಮನೆಗೆ ನಮ್ಮ ಕೇಂದ್ರದಿಂದ ರೊಟ್ಟಿ ಹೋಗಲಿಲ್ಲ. ಅಷ್ಟೇ ಸುದ್ದಿ. ಆದರೆ ಅದು ಸಾವಾದ ಮನೆ.

ನನ್ನ ಹೆಂಡತಿ ಸುಮಂಗಲಾ ನಡೆಸುತ್ತಿದ್ದ ರೊಟ್ಟಿ ಕೇಂದ್ರದ ಬಗ್ಗೆ ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ. ಅವಳು ತೀರಿಹೋದ ಮೇಲೆ ಬರೆದಿರಲಿಲ್ಲ. ಕೂತರೆ ಕೈ ಓಡುತ್ತಿರಲಿಲ್ಲ. ಈಗ ಕೇಂದ್ರವನ್ನು ನೋಡಿಕೊಳ್ಳುತ್ತಿರುವವಳು ನೀಲವ್ವ. ಮೊದಲ ದಿನದಿಂದ ಸುಮಂಗಲಾ ಜೊತೆ ರೊಟ್ಟಿ ಬಡಿದವಳು.

ಗಿರಾಕಿಗಳ ವಿವರವೆಲ್ಲ ಸುಮಂಗಲಾಳ ಫೋನಿನ ಒಂದು ಹಳೆಯ ಆ್ಯಪ್‌ನಲ್ಲಿತ್ತು. ಬಹಳ ಸಾಧು ಆ್ಯಪ್. ಯಾವ ಜಾಗದಲ್ಲಿ ಏನು ಬರೆದರೂ ತಕರಾರಿಲ್ಲದೆ ಇಟ್ಟುಕೊಳ್ಳುತ್ತಿತ್ತು. ಆದರೆ ಈಗ ನೀಲವ್ವನ ಕೈಯಲ್ಲಿರುವ ಆ ಫೋನ್ ಆಗಾಗ ತಾನೇ ಆರಿಹೋಗುತ್ತದೆ. ಹೊಸ ಪ್ರೋಗ್ರಾಮ್ ಬೇಕಾಯಿತು.

ನಮ್ಮ ಪಕ್ಕದ ಮನೆಯ ಶಬಾನಾ ದೇಶಪಾಂಡೆ ನಗರದ ಒಂದು ಕಂಪನಿಯಲ್ಲಿ ಪ್ರೋಗ್ರಾಮರ್. "ನಾ ಮಾಡಿಕೊಡ್ತೇನಿ ಕಾಕಾ. ಸುಮಾ ಕಾಕು ಕೈಯಾಗಿನ ರೊಟ್ಟಿ ಎಷ್ಟು ತಿಂದೇನಿ" ಅಂದಳು.

ಹಳೆಯ ಆ್ಯಪ್‌ನಿಂದ ಅವಳು ಒಂದು ಫೈಲ್ ಹೊರತೆಗೆದಳು. ಜೇಸನ್ ಫೈಲ್ ಅಂತೆ. (ಮನುಷ್ಯನ ಹೆಸರಲ್ಲ, ಫೈಲಿನ ಒಂದು ಜಾತಿ.) ಹೊಸ ಪ್ರೋಗ್ರಾಮ್ ಮಾತ್ರ ಕಟ್ಟುನಿಟ್ಟಿನದು. ಅದರಲ್ಲಿ ಪ್ರತಿ ಮನೆಯೂ ಮೊದಲೇ ಮಾಡಿಟ್ಟ ಅಚ್ಚಿನೊಳಗೆ ಕೂರಬೇಕು. ಹೆಸರು ಅಂದರೆ ಅಕ್ಷರ. ರೊಟ್ಟಿ ಎಷ್ಟು ಅಂದರೆ ಅಂಕಿ. ಬೇರೇನಾದರೂ ಬಂದರೆ ಅಲ್ಲೇ ನಿಂತುಬಿಡುತ್ತದೆ.

ನಿಂತಿತು. ಮೊದಲ ಪುಟದಲ್ಲೇ.

'ರೊಟ್ಟಿ ಎಷ್ಟು' ಎಂಬ ಜಾಗದಲ್ಲಿ ಒಂದು ಮನೆಗೆ 20 ಎಂಬ ಅಂಕಿ. ಇನ್ನೊಂದಕ್ಕೆ ಅಕ್ಷರದಲ್ಲಿ 'ಇಪ್ಪತ್ತು'. ಮತ್ತೊಂದಕ್ಕೆ ಎರಡು ಪಾಲು: ಕಡಕ್ ಹತ್ತು, ಮೆತ್ತನ್ನವು ಆರು. ಇನ್ನೊಂದು ಮನೆಯ ಮುಂದೆ ಹೀಗಿತ್ತು: 'ಹನ್ನೆರಡು. ಅಜ್ಜಿ ಬಂದಿದ್ರ ಇನ್ನೆರಡು ಮೆತ್ತಗ, ಹಲ್ಲಿಲ್ಲ.'

ಶಬಾನಾ ನಕ್ಕಳು. "ಅಂಕಿ ಬರಿಯೋ ಜಾಗಾದಾಗ ಕಾಕು ಅಜ್ಜಿನ್ನ ಕೂಡ್ಸ್ಯಾರಲ್ರೀ!"

ನಾನೂ ನಕ್ಕೆ. ಬಹಳ ದಿನಗಳ ಮೇಲೆ.

ಅಜ್ಜಿಯನ್ನು ಎಬ್ಬಿಸುವ ಮನಸ್ಸು ಶಬಾನಾಗೂ ಇರಲಿಲ್ಲ. ಒಂದೊಂದು ನಮೂನೆಗೆ ಒಂದೊಂದು ಅಚ್ಚು ಮಾಡಿದಳು. ಬರೀ ಅಂಕಿಗೆ ಒಂದು, ಪಾಲು ಮಾಡಿದ್ದಕ್ಕೆ ಒಂದು, ಅಂಕಿಯ ಜೊತೆ ಮಾತು ಇದ್ದರೆ ಇನ್ನೊಂದು. ಕೊನೆಗೆ ಉಳಿದದ್ದು ಏನೂ ಬರೆಯದ ಕೆಲವು ಮನೆ. ಖಾಲಿ. ಅವಕ್ಕೆ ಸೊನ್ನೆ ಹಾಕಿದಳು. ನೀವಾಗಿದ್ದರೂ ಅದನ್ನೇ ಮಾಡುತ್ತಿದ್ದಿರಿ, ಅಲ್ಲವೇ?

ಸೋಮವಾರ ಹೊಸ ಪ್ರೋಗ್ರಾಮಿನ ಪರೀಕ್ಷೆ. ನೀಲವ್ವ ತವರಿನ ಕಾರ್ಯಕ್ಕೆಂದು ಅಮ್ಮಿನಬಾವಿಗೆ ಹೋಗಿದ್ದಳು. ಮಿಷನ್ ಕೊಟ್ಟ ಚೀಟಿ ನೋಡಿ ಉಳಿದ ಹೆಂಗಸರು ರೊಟ್ಟಿ ಕಟ್ಟಿ ಕಳಿಸಿದರು. ಸೊನ್ನೆ ಇದ್ದ ಮನೆಗಳು ಚೀಟಿಯಲ್ಲಿ ಇರಲೇ ಇಲ್ಲ. ಉಣಕಲ್ಲಿನ ಸಾವಿನ ಮನೆಯೂ ಅದರಲ್ಲೊಂದು.

ಮರುದಿನ ನೀಲವ್ವ ಬಂದವಳೇ ವಿಷಯ ತಿಳಿದು ಬುಟ್ಟಿ ಹೊತ್ತು ಆ ಮನೆಗೆ ಓಡಿದಳು. ಅಲ್ಲಿಂದ ನೇರ ನಮ್ಮ ಮನೆಗೆ. ಶಬಾನಾ ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು.

"ನಿನ್ನ ಮಿಷನ್ ಭಾಳ ಶ್ಯಾಣೆ ಐತಿ ಬಿಡ ತಂಗಿ. ಸತ್ತ ಮನಿ ಮಂದಿನ್ನ ಬರೇ ಚಾ ಕುಡಿಸಿ ಮಲಗಿಸ್ತು."

"ಅಕ್ಕಾ, ಅಲ್ಲಿ ಖಾಲಿ ಇತ್ರೀ. ಖಾಲಿ ಅಂದ್ರ ಸೊನ್ನಿ ಅಲ್ಲೇನ್ರೀ?"

"ಸೊನ್ನಿ ಅಂತ ಯಾರ ಹೇಳ್ಯಾರ ನಿನಗ? ಹೆಣಾ ಹೋದ ಮನಿಗೆ ಫೋನ್ ಹಚ್ಚಿ, ಎಷ್ಟು ರೊಟ್ಟಿ ಕಳಸ್ಲಿ ಅಂತ ಕೇಳ್ತಾರೇನು? ಸಾವಾತು ಅಂತ ಗೊತ್ತಾದ ಕೂಡ್ಲೆ ಅಕ್ಕಾರು ಅಂಕಿ ಅಳಸಿಬಿಡ್ತಿದ್ರು. ನಾನೂ ಹಂಗ ಮಾಡ್ತೇನಿ. ಖಾಲಿ ಅಂದ್ರ ಕೇಳಬ್ಯಾಡ, ಮಂದಿ ನೋಡಿ ಬುಟ್ಟಿ ತುಂಬು, ಒಯ್ದು ಇಟ್ಟು ಬಾ. ಅವರಾಗೇ ಫೋನ್ ಮಾಡೂತನಾ ಅಂಕಿ ಬರಿಯಂಗಿಲ್ಲ."

ನನಗೆ ಇದು ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿ ಇದ್ದೆ, ಅವಳು ಬಡಿದ ರೊಟ್ಟಿಯನ್ನೇ ತಿಂದೆ. ಗೊತ್ತಿರಲಿಲ್ಲ.

"ಆ ಮನಿಯವರು ಏನಂದ್ರು ನೀಲವ್ವಾ?" ಎಂದೆ.

"ಏನಂತಾರ್ರೀ ಅಣ್ಣಾರ. ನಮ್ಮ ನೆನಪ ಆಗಿರಲಿಕ್ಕಿಲ್ಲ ಬಿಡವಾ, ಅಂದ್ರು." ಸೆರಗಿನಿಂದ ಮುಖ ಒರೆಸಿಕೊಂಡಳು.

ಶಬಾನಾ ಹಳೆಯ ಫೈಲನ್ನು ಮತ್ತೆ ತೆರೆದು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಪ್ರೋಗ್ರಾಮಿಗೆ ಸೊನ್ನೆ ಬೇರೆ, ಖಾಲಿ ಬೇರೆ, ಆ ಜಾಗವೇ ಇಲ್ಲದಿರುವುದು ಬೇರೆಯಂತೆ. ಸೊನ್ನೆ ಅಂದರೆ ಬೇಡ ಎಂದಿದ್ದಾರೆ. ಜಾಗವೇ ಇಲ್ಲ ಅಂದರೆ ಇನ್ನೂ ಯಾರೂ ವಿಚಾರಿಸಿಲ್ಲ. ಖಾಲಿ ಅಂದರೆ ಜಾಗ ಇದೆ, ಅದರಲ್ಲಿ ಇದ್ದದ್ದು ಈಗ ಇಲ್ಲ.

"ಮಿಷನ್‌ಗೆ ಫರಕ್ ಗೊತ್ತಿತ್ತು ಕಾಕಾ. ನಾನ ಅಳಿಸಿ ಒಂದ ಮಾಡಿದೆ."

ಜಾಗ ಇದೆ, ಇದ್ದದ್ದು ಇಲ್ಲ. ಇಷ್ಟು ದಿನ ಸಮಾಧಾನ ಹೇಳಲು ಬಂದ ಯಾರೂ ನನ್ನ ಮನೆಯ ಸ್ಥಿತಿಯನ್ನು ಇಷ್ಟು ಸರಿಯಾಗಿ ಹೇಳಿರಲಿಲ್ಲ. ಹೇಳಿದ್ದು ಕಂಪ್ಯೂಟರಿನ ನಿಯಮ!

ಅವಳು ಇನ್ನೊಂದು ಅಚ್ಚು ಮಾಡಿದಳು. ಅದಕ್ಕೆ 'ಕೇಳಬಾರದು' ಎಂದು ಹೆಸರಿಟ್ಟಳು. ಅದರಲ್ಲಿ ಜಾಗ ಇದೆ, ಅಂಕಿ ಹಾಕುವ ಹಾಗಿಲ್ಲ. ಚೀಟಿಯಲ್ಲಿ ಎಲ್ಲರಿಗಿಂತ ಮೊದಲು ಆ ಮನೆಗಳ ಹೆಸರು ಬರಬೇಕು, ಪಕ್ಕದಲ್ಲಿ 'ಮಂದಿ ನೋಡಿ' ಎಂದು ಇರಬೇಕು. ಇಷ್ಟು ಬರೆದು ಗುಂಡಿ ಒತ್ತಿದಳು.

ಪರದೆಯ ಮೇಲೆ ಮನೆಗಳು ಒಂದರ ಹಿಂದೊಂದು ಹರಿದವು. ಕಡಕ್ ರೊಟ್ಟಿಯವರು, ಮೆತ್ತನ್ನ ರೊಟ್ಟಿಯವರು, ಹಲ್ಲಿಲ್ಲದ ಅಜ್ಜಿ, ಎಲ್ಲರೂ ತಮ್ಮ ತಮ್ಮ ಅಚ್ಚಿನಲ್ಲಿ ಹೋಗಿ ಕೂತರು. ಯಾರೂ ಹೊರಗೆ ಉಳಿಯಲಿಲ್ಲ. ಎಲ್ಲಿಯೂ ನಿಲ್ಲಲಿಲ್ಲ. ಹಿಟ್ಟಿನ ಕೈಯಲ್ಲಿ ಫೋನ್ ಒತ್ತುತ್ತಿದ್ದ ಹೆಂಗಸಿನ ಮನಸ್ಸು ಒಂದು ಯಂತ್ರದೊಳಗೆ ಹಾಗೆಯೇ ಇಳಿಯಬಲ್ಲದೇ? ಇಳಿಯಿತು. ನಾನು ಬಾಯಿ ತೆರೆದು ನೋಡುತ್ತ ನಿಂತೆ.

'ಕೇಳಬಾರದು' ಎಂಬಲ್ಲಿ ನಮ್ಮ ಮನೆಯೂ ಇತ್ತು.

ಸುಮಂಗಲಾ ನಮ್ಮನ್ನೂ ಗಿರಾಕಿ ಎಂದೇ ಬರೆದುಕೊಂಡಿದ್ದಳು. ರೊಟ್ಟಿ ಆರು. ಆ ಆರನ್ನು ನೀಲವ್ವ ಅಳಿಸಿದ್ದಳು. ಸುಮಂಗಲಾ ಹೋದ ದಿನದಿಂದ, ಆ ಸೋಮವಾರವೊಂದು ಬಿಟ್ಟರೆ, ಬಾಗಿಲಿಗೆ ಬುಟ್ಟಿ ಬರುತ್ತಲೇ ಇದೆ. ಒಬ್ಬನಿಗೆ ಎರಡು ಸಾಕು ಎಂದು ಹೇಳಬೇಕೆಂದುಕೊಳ್ಳುತ್ತಿದ್ದೆ. ಎಷ್ಟು ಬೇಕು ಎಂದು ಯಾರೂ ಕೇಳಿರಲಿಲ್ಲ. ಯಾಕೆ ಕೇಳಲಿಲ್ಲ ಎಂದು ಈಗ ಗೊತ್ತಾಯಿತು.

ಶಬಾನಾ ಮೆಲ್ಲಗೆ, "ಕಾಕಾ, ನಿಮ್ಮ ಮನಿಗೆ ಎಷ್ಟು ಹಾಕ್ಲಿ?" ಎಂದಳು.

ನೀಲವ್ವ ಗದರಿದಳು. "ಏ ತಂಗಿ! ಕೇಳಬಾರದು ಅಂತ ಈಗಷ್ಟ ಬರದಿಯಲ್ಲ?"

ನಿಮ್ಮ ಓಣಿಯಲ್ಲೂ ಸದ್ದಿಲ್ಲದ ಮನೆಯೊಂದು ಇರಬಹುದು. ಸೊನ್ನೆ ಎಂದು ಓದಿಕೊಂಡು ಮುಂದೆ ಹೋಗಿಲ್ಲ ತಾನೆ?